ಆಯಿಲ್ ಎಲ್ಲಿಗೆ ಹೋಯಿತು?

ವರ್ಷಕ್ಕೆ ಎರಡೋ ಮೂರೋ ಸಲ ಮಾತ್ರ ಹೊರಗೆ ಬರುವ ಬುಲೆಟ್‌ಗಳು ನಮ್ಮ ಊರುಗಳಲ್ಲಿ ಬೇಕಾದಷ್ಟಿವೆ. ಅಪ್ಪ ಓಡಿಸುತ್ತಿದ್ದ ಗಾಡಿ. ಮಗ ಬೆಂಗಳೂರಿನಲ್ಲೋ ಡಲ್ಲಾಸಿನಲ್ಲೋ ಇದ್ದಾನೆ. ಮಾರಲು ಮನಸ್ಸಿಲ್ಲ, ಓಡಿಸಲು ಪುರುಸೊತ್ತಿಲ್ಲ. ಆಯುಧಪೂಜೆಗೆ ಒಂದು ಸಲ, ಯುಗಾದಿಗೋ ಊರಿನ ತೇರಿಗೋ ಇನ್ನೊಂದು ಸಲ ಅದರ ಮೇಲಿನ ಹಳೇ ಬೆಡ್‌ಶೀಟ್ ಸರಿಯುತ್ತದೆ. ಆಮೇಲೆ ನಡೆಯುವುದು ಹೆಚ್ಚುಕಡಿಮೆ ಎಲ್ಲ ಮನೆಯಲ್ಲೂ ಒಂದೇ. ಡಿಪ್‌ಸ್ಟಿಕ್ ಎಳೆದು ನೋಡುತ್ತಾರೆ, ತುದಿಗೂ ಆಯಿಲ್ ಅಂಟಿಲ್ಲ. ಗಾಡಿ ಓಡಿಸಿಯೇ ಇಲ್ಲ, ಅಡಿಯಲ್ಲಿ ನೆಲವೂ ಒಣಗಿದೆ. ಅಂಗಡಿಯಿಂದ ಒಂದು ಲೀಟರ್ ಡಬ್ಬಿ ತಂದು ಸುರಿಯುತ್ತಾರೆ, ಕಿಕ್ ಹೊಡೆಯುತ್ತಾರೆ. ಸ್ಟಾರ್ಟ್ ಆಗಿದ್ದೇ ತಡ, ಸೈಲೆನ್ಸರಿನಿಂದ ಅಂಗಳ ಮುಚ್ಚುವಷ್ಟು ನೀಲಿ ಹೊಗೆ, ಬ್ರೀದರ್ ಪೈಪಿನಿಂದ ಆಯಿಲ್ ಕಕ್ಕುತ್ತದೆ. ಅಷ್ಟು ಹೊತ್ತಿಗೆ ಬಂದ ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತಾ, “ಬೋರ್ ಹೋಗಿದೆ ಸಾರ್, ಇಂಜಿನ್ ಇಳಿಸ್ಬೇಕು” ಎನ್ನುತ್ತಾನೆ.

ಇಂಜಿನ್ ಇಳಿಸಬೇಡಿ. ಆಯಿಲ್ ಎಲ್ಲಿಗೂ ಹೋಗಿರಲಿಲ್ಲ, ಒಂದು ಕೋಣೆಯಿಂದ ಇನ್ನೊಂದಕ್ಕೆ ಇಳಿದಿತ್ತು ಅಷ್ಟೆ. ಅದು ಇಳಿದಿರುವಾಗಲೇ ನೀವು ಇನ್ನೊಂದು ಲೀಟರ್ ಹೊಯ್ದಿರಿ.

ನಾನು ಹೇಳುತ್ತಿರುವುದು ಹಳೆಯ ಎರಕದ ಕಬ್ಬಿಣದ ಸಿಲಿಂಡರಿನ ಬುಲೆಟ್ ವಿಷಯ. ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ ಇದ್ದ ಗಾಡಿ. 1949ರ ಹೊತ್ತಿಗೆ ಇಂಗ್ಲೆಂಡಿನ ರೆಡಿಚ್‌ನಲ್ಲಿ ರೂಪುಗೊಂಡು, 1955ರಿಂದ ಮದರಾಸಿನಲ್ಲಿ ತಯಾರಾಗತೊಡಗಿದ ಈ ಇಂಜಿನ್ನಿನ ಒಳಗುಟ್ಟು ಅರ್ಧ ಶತಮಾನ ಕಳೆದರೂ ಹೆಚ್ಚು ಬದಲಾಗಲಿಲ್ಲ. 70 ಮಿಲಿಮೀಟರ್ ಬೋರ್, 90 ಮಿಲಿಮೀಟರ್ ಸ್ಟ್ರೋಕ್, 346 ಸಿಸಿ. ಇದರಲ್ಲಿ ಆಯಿಲ್ ಇರಬೇಕಾದದ್ದು ಕ್ರ್ಯಾಂಕ್ ತಿರುಗುವ ಕೋಣೆಯಲ್ಲಲ್ಲ. ಅದರ ಹಿಂದೆ, ಅದೇ ಎರಕದೊಳಗೆ ಪ್ರತ್ಯೇಕ ಟ್ಯಾಂಕ್ ಒಂದಿದೆ. ಡಿಪ್‌ಸ್ಟಿಕ್ ಇಳಿಯುವುದು ಆ ಟ್ಯಾಂಕಿಗೆ. ಒಂದು ಪಂಪು ಟ್ಯಾಂಕಿನಿಂದ ಆಯಿಲ್ ತೆಗೆದು ಬೇರಿಂಗುಗಳಿಗೆ ಕಳಿಸುತ್ತದೆ. ಕೆಲಸ ಮುಗಿಸಿ ಕ್ರ್ಯಾಂಕ್‌ಕೇಸಿನ ತಳಕ್ಕೆ ಸುರಿದದ್ದನ್ನು ಇನ್ನೊಂದು ಪಂಪು ಎತ್ತಿ ಟ್ಯಾಂಕಿಗೆ ವಾಪಸು ಹಾಕುತ್ತದೆ. ವಾಪಸು ಹಾಕುವ ಪಂಪಿನ ತಾಕತ್ತು ಕಳಿಸುವ ಪಂಪಿಗಿಂತ ಹೆಚ್ಚು. ಆದ್ದರಿಂದ ಗಾಡಿ ಓಡುತ್ತಿರುವಷ್ಟು ಹೊತ್ತು ತಳದಲ್ಲಿ ಆಯಿಲ್ ನಿಲ್ಲುವುದಿಲ್ಲ.

ನಿಂತಾಗಲೇ ತೊಂದರೆ. ಟ್ಯಾಂಕಿನಲ್ಲಿ ಆಯಿಲ್ ಮೇಲೆ, ಪಂಪು ಕೆಳಗೆ. ಪಂಪಿನ ಡಿಸ್ಕು ಅದರ ಪೀಠದ ಮೇಲೆ ಸ್ಪ್ರಿಂಗಿನ ಒತ್ತಡದಿಂದ ಕೂತಿರುತ್ತದೆ. ಸವೆದ ಡಿಸ್ಕಿನ ಅಂಚಿನಿಂದ ಆಯಿಲ್ ಹನಿಹನಿಯಾಗಿ ಆಚೆಗೆ ಜಿನುಗುತ್ತದೆ. ವಾರಕ್ಕೆ ಗೊತ್ತಾಗುವುದಿಲ್ಲ, ಮೂರು ತಿಂಗಳಿಗೆ ಟ್ಯಾಂಕಿನ ಬಹುಪಾಲು ಕ್ರ್ಯಾಂಕ್‌ಕೇಸಿನಲ್ಲಿರುತ್ತದೆ. ಬುಲೆಟ್ ಬಲ್ಲವರು ಇದಕ್ಕೆ ‘ವೆಟ್ ಸಂಪ್ ಆಗಿದೆ’ ಎನ್ನುತ್ತಾರೆ. ಎಲ್ಲ ಹಳೇ ಬುಲೆಟ್‌ಗಳೂ ಅಷ್ಟಿಷ್ಟು ಹೀಗೆ ಮಾಡುತ್ತವೆ. ಇದನ್ನು ರೋಗ ಅನ್ನುವುದಕ್ಕಿಂತ ವಯಸ್ಸು ಅನ್ನುವುದು ಸರಿ.

ಬಹಳ ದಿನ ನಿಂತ ಗಾಡಿಯಲ್ಲಿ ಇದನ್ನು ಖಚಿತ ಮಾಡಿಕೊಳ್ಳುವುದು ಕಷ್ಟವಲ್ಲ. ಟ್ಯಾಂಕಿನ ಡ್ರೈನ್ ಬೋಲ್ಟ್ ಬೇರೆ, ಕ್ರ್ಯಾಂಕ್‌ಕೇಸಿನದು ಬೇರೆ. ಕೆಳಗೊಂದು ಶುದ್ಧವಾದ ತಟ್ಟೆಯಿಟ್ಟು ಕ್ರ್ಯಾಂಕ್‌ಕೇಸಿನ ಬೋಲ್ಟನ್ನು ಮಾತ್ರ ಬಿಚ್ಚಿ. ನಾಲ್ಕು ಚಮಚ ಬಿದ್ದರೆ ಪಂಪು ಚೆನ್ನಾಗಿದೆ, ಟ್ಯಾಂಕಿನ ಆಯಿಲ್ ನಿಜವಾಗಿಯೂ ಕಡಿಮೆಯಾಗಿದೆ. ಅದು ಎಲ್ಲಿ ಸೋರಿತೆಂದು ಹುಡುಕಿ. ಒಂದು ಲೀಟರೋ ಒಂದೂವರೆ ಲೀಟರೋ ಸುರಿದರೆ ಕಳೆದುಹೋದ ಆಯಿಲ್ ಸಿಕ್ಕಂತಾಯಿತು. ಅದು ಶುದ್ಧವಾಗಿದ್ದರೆ ಸೋಸಿ ಟ್ಯಾಂಕಿಗೇ ಹಾಕಬಹುದು. ಆದರೆ ಅಷ್ಟು ದಿನ ನಿಂತ ಗಾಡಿಗೆ ಹೊಸದನ್ನೇ ಹಾಕಿ ಎನ್ನುವ ಪಕ್ಷ ನನ್ನದು. ಎರಡು ಲೀಟರ್ ಚಿಲ್ಲರೆ ಆಯಿಲಿನ ಬೆಲೆ ಬಿಗ್ ಎಂಡ್ ರಿಪೇರಿಯ ಎದುರು ಏನೂ ಅಲ್ಲ.

ಬೋಲ್ಟ್ ಬಿಚ್ಚುವ ಉಸಾಬರಿ ಬೇಡ ಎನ್ನುವವರು ಏನನ್ನೂ ಸುರಿಯದೆ ಸ್ಟಾರ್ಟ್ ಮಾಡಿ ಹೊಗೆಯನ್ನು ಓದಬೇಕು. ಟ್ಯಾಂಕಿನಲ್ಲಿ ಸ್ವಲ್ಪವಾದರೂ ಉಳಿದಿದ್ದರೆ ಮಾತ್ರ. ಡಿಪ್‌ಸ್ಟಿಕ್ ಪೂರ್ತಿ ಒಣಗಿದ್ದರೆ ಬೇಡ, ಕಳಿಸುವ ಪಂಪಿಗೆ ಕಳಿಸಲು ಏನೂ ಇರುವುದಿಲ್ಲ. ಮೊದಲ ಕೆಲವು ನಿಮಿಷ ದಟ್ಟ ನೀಲಿ ಹೊಗೆ ಬಂದು, ಆಮೇಲೆ ತೆಳುವಾಗಿ, ನಾಲ್ಕೈದು ಕಿಲೋಮೀಟರ್ ಹೋಗುವಷ್ಟರಲ್ಲಿ ನಿಂತೇಹೋದರೆ ತಳದಲ್ಲಿ ನಿಂತಿದ್ದ ಆಯಿಲ್ ಸುಟ್ಟಿತು, ಉಳಿದದ್ದು ಟ್ಯಾಂಕ್ ಸೇರಿತು ಎಂದರ್ಥ. ಬಿಸಿಯಾದ ಮೇಲೂ ಆಕ್ಸಿಲರೇಟರ್ ಕೊಟ್ಟಾಗಲೆಲ್ಲ ನೀಲಿ ಬಂದರೆ ರಿಂಗು, ಬೋರಿನ ಮಾತು ಬರುತ್ತದೆ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿದು, ಮತ್ತೆ ಕೊಟ್ಟ ಕ್ಷಣ ಒಂದು ಗುಪ್ಪೆ ಬಂದರೆ ವಾಲ್ವ್ ಗೈಡ್ ಕಡೆ ನೋಡಬೇಕು. ಬೆಳಗಿನ ಚಳಿಯಲ್ಲಿ ಬಂದು ಮಾಯವಾಗುವ ಬಿಳಿ ಹೊಗೆ ಬರೀ ನೀರಾವಿ, ಅದಕ್ಕೆ ಚಿಂತೆ ಬೇಡ.

ಆಯಿಲ್ ಮಟ್ಟ ನೋಡಬೇಕಾದದ್ದು ಈಗ. ಗಾಡಿ ಸ್ವಲ್ಪ ದೂರ ಓಡಿ ಬಂದು, ಸಮನೆಲದಲ್ಲಿ ಸೆಂಟರ್ ಸ್ಟ್ಯಾಂಡ್ ಮೇಲೆ ನಿಂತು, ಎರಡು ನಿಮಿಷ ಆದ ಮೇಲೆ. ಡಿಪ್‌ಸ್ಟಿಕ್ ಒರೆಸಿ ಇಳಿಸಿ ನೋಡಿದರೆ ಬೆಳಿಗ್ಗೆ ಇಲ್ಲದ ಆಯಿಲ್ ಗುರುತಿನ ಹತ್ತಿರಕ್ಕೆ ಬಂದಿರುತ್ತದೆ.

2009ರಲ್ಲಿ ಬಂದ ಕ್ಲಾಸಿಕ್ 350 ಮತ್ತು ಅದರ ನಂತರದವುಗಳ ಇಂಜಿನ್ ಬೇರೆ ಜಾತಿಯದು. ಗೇರ್‌ಬಾಕ್ಸೂ ಇಂಜಿನ್ನೂ ಒಂದೇ ಆಯಿಲಿನಲ್ಲಿ ಮುಳುಗಿರುತ್ತವೆ, ಮಟ್ಟವನ್ನು ಗಾಜಿನ ಕಿಟಕಿಯಲ್ಲಿ ನೋಡುತ್ತೇವೆ. ಅವುಗಳಿಗೆ ಮೇಲೆ ಹೇಳಿದ ನಾಟಕವಿಲ್ಲ, ಮುಂದೆ ಹೇಳುವ ಕಾಯಿಲೆಗಳು ಮಾತ್ರ ಉಂಟು. ಮೈಸೂರಿನ ಜಾವಾ, ಯೆಜ್ಡಿಗಳದ್ದು ಮತ್ತೊಂದು ಲೋಕ. ಟೂ ಸ್ಟ್ರೋಕ್ ಆದ್ದರಿಂದ ಆಯಿಲ್ ಪೆಟ್ರೋಲಿನಲ್ಲೇ ಬೆರೆತು ಸುಟ್ಟುಹೋಗುತ್ತದೆ. ಆದರೂ ವರ್ಷಗಟ್ಟಲೆ ನಿಂತ ಯೆಜ್ಡಿ ವಿಪರೀತ ಹೊಗೆ ಬಿಟ್ಟು, ಇತ್ತ ಗೇರ್ ಆಯಿಲ್ ಕಡಿಮೆಯಾಗುತ್ತಿದ್ದರೆ ಒಣಗಿ ಗಟ್ಟಿಯಾದ ಕ್ರ್ಯಾಂಕಿನ ಆಯಿಲ್ ಸೀಲನ್ನು ಅನುಮಾನಿಸಿ. ಆ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು, ಎಷ್ಟೋ ಗಾಡಿಗಳಲ್ಲಿ ಅಂದಿನ ರಬ್ಬರೇ ಇನ್ನೂ ಇದೆ.

ಮಲೆನಾಡಿನವರು, ಕರಾವಳಿಯವರು ಹೆಚ್ಚಾಗಿ ಕೇಳುವುದು ಬಿಳುಪಿನ ಬಗ್ಗೆ. ಆಯಿಲ್ ಮುಚ್ಚಳ ತೆಗೆದರೆ ಒಳಮೈಗೆ ಕೆನೆ ಕಟ್ಟಿದಂಥ ಹಳದಿ ಬಿಳುಪು ಅಂಟಿರುತ್ತದೆ. ಹೆಡ್ ಗ್ಯಾಸ್ಕೆಟ್ ಹೋಯಿತು, ನೀರು ನುಗ್ಗಿತು ಎಂದು ಹೆದರಿಸುವವರು ಇದ್ದೇ ಇರುತ್ತಾರೆ. ಗಾಳಿಯಿಂದ ತಣಿಯುವ ಇಂಜಿನ್ನಿನಲ್ಲಿ ನುಗ್ಗಲು ನೀರೇ ಇಲ್ಲವಲ್ಲ! ರೇಡಿಯೇಟರ್ ಇರುವ ಗಾಡಿಗೆ ಆ ಹೆದರಿಕೆ ಸರಿ. ಅಲ್ಲಿ ಕೂಲೆಂಟ್ ಕಡಿಮೆಯಾಗಿದೆಯೇ ಎಂದು ಮೊದಲು ನೋಡಬೇಕು. ಬುಲೆಟ್‌ನಲ್ಲಿ ಈ ನೀರು ಇಂಜಿನ್ನೇ ತಯಾರಿಸಿದ್ದು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರ್ ನೀರು ಹುಟ್ಟುತ್ತದೆ. ಬಹುಪಾಲು ಆವಿಯಾಗಿ ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ, ಸ್ವಲ್ಪ ಪಿಸ್ಟನ್ ರಿಂಗುಗಳನ್ನು ದಾಟಿ ಕೆಳಗಿಳಿಯುತ್ತದೆ. ಇಂಜಿನ್ ಚೆನ್ನಾಗಿ ಕಾದರೆ ಅದೂ ಬ್ರೀದರಿನಿಂದ ಹೊರಟುಹೋಗುತ್ತದೆ. ಕಾಯದಿದ್ದರೆ ತಣ್ಣನೆಯ ಲೋಹಕ್ಕೆ ತಾಗಿ ಹನಿಗಟ್ಟಿ ಆಯಿಲಿನ ಜೊತೆ ಕಡೆಯುತ್ತದೆ. ಆಗುಂಬೆಯ ಕಡೆಯ ಶೆಡ್ಡುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವಾಗ ಇದಕ್ಕೆ ಹೊರಗಿನ ತೇವವೂ ಸೇರುತ್ತದೆ.

ಆದ್ದರಿಂದ ‘ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಇಡುತ್ತೇನೆ’ ಎನ್ನುವವರಿಗೆ ನನ್ನದೊಂದು ವಿನಂತಿ: ಮಾಡಬೇಡಿ. ಮನೆಯಲ್ಲಿರುವ ಹಿರಿಯರೊಬ್ಬರಿಗೆ ಫೋನ್ ಮಾಡಿ, “ಮಾವ, ಬುಲೆಟ್ ಒಂಚೂರು ಸ್ಟಾರ್ಟ್ ಮಾಡಿಡಿ” ಎಂದು ಹೇಳುವ ಪದ್ಧತಿ ಎಷ್ಟೋ ಮನೆಗಳಲ್ಲಿದೆ. ಮಾವನವರ ಮಂಡಿಗೂ ಇಂಜಿನ್ನಿಗೂ ಅದು ಒಳ್ಳೆಯದಲ್ಲ. ಐದು ನಿಮಿಷದಲ್ಲಿ ನೀರು ಹುಟ್ಟುತ್ತದೆ, ಹೊರಗೆ ಹೋಗುವಷ್ಟು ಬಿಸಿ ಹುಟ್ಟುವುದಿಲ್ಲ. ಅದರ ಮೇಲೆ ಹಳೇ ಬುಲೆಟ್ಟಿನ ಪಂಪು ಐಡ್ಲಿಂಗ್‌ನಲ್ಲಿ ಬಹಳ ನಿಧಾನ. ಕ್ರ್ಯಾಂಕಿನ ಬಿಗ್ ಎಂಡ್ ಬುಷ್ಷಿಗೆ ಬೇಕಾದಷ್ಟು ಆಯಿಲ್ ಸಿಗುವುದು ಗಾಡಿ ರಸ್ತೆಯಲ್ಲಿ ಓಡಿದಾಗ. ತಿಂಗಳಿಗೊಮ್ಮೆ ಇಪ್ಪತ್ತೈದು ಮೂವತ್ತು ಕಿಲೋಮೀಟರ್ ಓಡಿಸಿ, ಇಲ್ಲವಾದರೆ ಮುಟ್ಟದೆ ಬಿಡಿ.

ಬಿಳುಪು ಮುಚ್ಚಳದಲ್ಲಿ ಮಾತ್ರ ಇದ್ದರೆ ಬಟ್ಟೆಯಿಂದ ಒರೆಸಿ, ಒಂದು ದೂರದ ಸವಾರಿ ಮಾಡಿ ಬನ್ನಿ, ಸಾಕು. ಡಿಪ್‌ಸ್ಟಿಕ್ ತುದಿಯ ಆಯಿಲೇ ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಸ್ಟಾರ್ಟ್ ಮಾಡದೆ ಇಳಿಸಿ.

ಇದಕ್ಕೆ ತದ್ವಿರುದ್ಧವಾದ, ನನ್ನ ಪ್ರಕಾರ ಹೆಚ್ಚು ಅಪಾಯದ ಲಕ್ಷಣ ಆಯಿಲ್ ಹೆಚ್ಚಾಗುವುದು. ಏನೂ ಹಾಕದೆ ಮಟ್ಟ ಗುರುತಿಗಿಂತ ಮೇಲೇರಿದ್ದರೆ ಮೂಸಿ ನೋಡಿ. ಪೆಟ್ರೋಲ್ ಕಾಕ್ ಮುಚ್ಚಲು ಮರೆತಿರುತ್ತಾರೆ, ಕಾರ್ಬ್ಯುರೇಟರಿನ ಫ್ಲೋಟ್ ಸೂಜಿ ಕಸಕ್ಕೆ ಸಿಕ್ಕಿ ತೆರೆದೇ ಇರುತ್ತದೆ, ಪೆಟ್ರೋಲ್ ಸಿಲಿಂಡರಿಗೆ ಹರಿದು ರಿಂಗು ದಾಟಿ ಕೆಳಗೆ ಸೇರುತ್ತದೆ. ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿದರೆ ಜಿಡ್ಡೇ ಇಲ್ಲದಂತೆ ಜಾರುತ್ತದೆ. ಇನ್ನೊಂದು ಪರೀಕ್ಷೆಯೂ ಇದೆ: ಸೋಸುವ ಕಾಗದದ ಮೇಲೆ ಒಂದು ಹನಿ ಹಾಕಿ ಒಂದು ರಾತ್ರಿ ಬಿಡಿ. ನಡುವೆ ಕಪ್ಪು ಚುಕ್ಕೆ, ಸುತ್ತ ಕ್ರಮೇಣ ತಿಳಿಯಾಗುವ ಬಳೆ ಬಂದರೆ ಆಯಿಲ್‌ಗೆ ಇನ್ನೂ ಜೀವವಿದೆ. ಕಪ್ಪೆಲ್ಲ ನಡುವಿನಲ್ಲೇ ಗಟ್ಟಿಯಾಗಿ ನಿಂತರೆ ಕೊಳೆಯನ್ನು ಹೊತ್ತೊಯ್ಯುವ ಶಕ್ತಿ ಮುಗಿದಿದೆ. ಹೊರ ಅಂಚು ಬಹಳ ಅಗಲವಾಗಿ ಹರಡಿದರೆ ಪೆಟ್ರೋಲ್ ಬೆರೆತಿರುವ ಅನುಮಾನ. ಹಾಗೆ ತೆಳುವಾದ ಆಯಿಲಿನಲ್ಲಿ ಒಂದು ಕಿಕ್ಕೂ ಹೊಡೆಯಬಾರದು.

2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾದ ಇ20 ಪೆಟ್ರೋಲಿನಿಂದ ಇಂಥ ಗಾಡಿಗಳ ಕಷ್ಟ ಕಡಿಮೆಯೇನೂ ಆಗಿಲ್ಲ. ಎಥನಾಲ್ ಗಾಳಿಯ ತೇವ ಹೀರುತ್ತದೆ, ಹಳೇ ರಬ್ಬರಿಗೆ ಒಗ್ಗುವುದಿಲ್ಲ. ತಿಂಗಳುಗಟ್ಟಲೆ ಗಾಡಿ ನಿಲ್ಲಿಸುವವರು ಕಾಕ್ ಮುಚ್ಚಿ, ಕಾರ್ಬ್ಯುರೇಟರಿನ ಬಟ್ಟಲು ಖಾಲಿ ಮಾಡಿಯೇ ನಿಲ್ಲಿಸಲಿ. ಆಯಿಲ್ ಬದಲಿಸುವುದೂ ನಿಲ್ಲಿಸುವ ಮೊದಲೇ ಆಗಬೇಕು. ನಮ್ಮವರು ಮಾಡುವುದು ಇದರ ಉಲ್ಟಾ: ಓಡಿಸಿದ ಕೊಳೆ ಆಯಿಲಿನಲ್ಲೇ ವರ್ಷ ನಿಲ್ಲಿಸಿ, ಮತ್ತೆ ಹೊರತೆಗೆಯುವಾಗ ಹೊಸದು ಹಾಕುತ್ತಾರೆ. ಹಳೇ ಆಯಿಲಿನಲ್ಲಿ ಆಮ್ಲ, ನೀರು ಎರಡೂ ಸೇರಿರುತ್ತವೆ. ಇಡೀ ವರ್ಷ ಅವು ಬೇರಿಂಗಿನ ಮೈಗೆ ತಾಗಿಕೊಂಡೇ ಇರುತ್ತವೆ.

ಪ್ರೈಮರಿ ಚೈನ್‌ಕೇಸನ್ನು ಯಾರೂ ನೋಡುವುದಿಲ್ಲ. ಹಳೇ ಬುಲೆಟ್ಟಿನಲ್ಲಿ ಇಂಜಿನ್, ಪ್ರೈಮರಿ, ಗೇರ್‌ಬಾಕ್ಸ್ ಮೂರಕ್ಕೂ ಬೇರೆ ಬೇರೆ ಹೊಟ್ಟೆ. ಕ್ರ್ಯಾಂಕ್‌ಕೇಸ್ ತುಂಬಿ ನಿಂತಾಗ ಸವೆದ ಸೀಲಿನ ಮೂಲಕ ಆಯಿಲ್ ಪ್ರೈಮರಿಗೆ ನುಗ್ಗುತ್ತದೆ. ಆಗ ಕ್ಲಚ್ ಜಾರುತ್ತದೆ, ಅಥವಾ ನ್ಯೂಟ್ರಲ್ ಸಿಗದೆ ಗಾಡಿ ಮುಂದಕ್ಕೆ ಎಳೆಯುತ್ತದೆ. ಕ್ಲಚ್ ಪ್ಲೇಟ್ ಬದಲಿಸಿದ ಬಿಲ್ ಹಿಡಿದು ಬಂದವರಿಗೆ ನಾನು ಕೇಳುವ ಮೊದಲ ಪ್ರಶ್ನೆ, ಪ್ರೈಮರಿಯ ಲೆವೆಲ್ ಸ್ಕ್ರೂ ಬಿಚ್ಚಿ ನೋಡಿದಿರಾ ಎಂದು.

ಪಂಪು ಮಿತಿಮೀರಿ ಸೋರುತ್ತಿದ್ದರೆ ಡಿಸ್ಕನ್ನು ನಯವಾದ ಪೇಸ್ಟಿನಲ್ಲಿ ಅದರ ಪೀಠಕ್ಕೆ ಉಜ್ಜಿ ಕೂರಿಸಬಹುದು. ತಾಳ್ಮೆಯಿದ್ದರೆ ಮನೆಯಲ್ಲೇ ಆಗುವ ಕೆಲಸ. ಹಳೇ ನಾರ್ಟನ್, ಬಿಎಸ್‌ಎಗಳವರು ಆಯಿಲ್ ಪೈಪಿಗೆ ನಲ್ಲಿ ಹಾಕಿಸಿಕೊಳ್ಳುತ್ತಾರೆ. ನಲ್ಲಿ ತೆರೆಯಲು ಮರೆತು ಇಂಜಿನ್ ಜಾಮ್ ಮಾಡಿಕೊಂಡವರು ಅವರಲ್ಲಿ ಕಡಿಮೆಯಿಲ್ಲ. ಬುಲೆಟ್ಟಿನ ಟ್ಯಾಂಕು ಎರಕದ ಒಳಗೇ ಇರುವುದರಿಂದ ನಲ್ಲಿ ಹಾಕಲು ಹೊರಗೆ ಪೈಪಿಲ್ಲ. ಪಂಪು ಉಜ್ಜಿ ಕೂರಿಸಿದ ಮೇಲೆ ಐಡ್ಲಿಂಗ್‌ನಲ್ಲಿ ರಾಕರ್ ಪೈಪಿನ ಬೋಲ್ಟನ್ನು ಒಂದೆಳೆ ಸಡಿಲಿಸಿ ನೋಡಿ. ಆಯಿಲ್ ಒಸರಿದರೆ ಪಂಪು ಕೆಲಸ ಮಾಡುತ್ತಿದೆ, ಒಸರದಿದ್ದರೆ ಆ ಕ್ಷಣವೇ ಇಂಜಿನ್ ಆಫ್ ಮಾಡಿ.

ಹಳೇ ಬುಲೆಟ್ ಕೊಳ್ಳಲು ಹೊರಟವರಿಗೂ ಇದರಲ್ಲಿ ಲಾಭವಿದೆ. ನೀವು ಹೋಗುವ ಮುಂಚೆಯೇ ಮಾಲೀಕ ಸ್ಟಾರ್ಟ್ ಮಾಡಿ, ಹೊಗೆಯೆಲ್ಲ ಹೋಗಲಿ ಎಂದು ಬೀದಿ ಸುತ್ತಿಸಿ ಇಟ್ಟಿರುತ್ತಾನೆ. ಮೊದಲು ಸಿಲಿಂಡರ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಇನ್ನೊಂದು ವಾರ ಬಿಟ್ಟು ಬರುತ್ತೇನೆ, ಅಷ್ಟರಲ್ಲಿ ಯಾರೂ ಮುಟ್ಟಬೇಡಿ ಎಂದು ಹೇಳಿ ಬನ್ನಿ. ಮುಂದಿನ ವಾರ ತಣ್ಣಗಿರುವಾಗ ಡಿಪ್‌ಸ್ಟಿಕ್ ಒಮ್ಮೆ, ಹತ್ತು ಕಿಲೋಮೀಟರ್ ಓಡಿಸಿ ಬಂದು ಇನ್ನೊಮ್ಮೆ. ಎರಡರ ನಡುವೆ ಬೆರಳಗಲದ ವ್ಯತ್ಯಾಸವಿದ್ದರೆ ಅದು ಮಾಮೂಲು. ಅರ್ಧ ಡಿಪ್‌ಸ್ಟಿಕ್ ವ್ಯತ್ಯಾಸವಿದ್ದರೆ ಪಂಪಿನ ಕೆಲಸದ ಖರ್ಚು ಹೇಳಿದ ಬೆಲೆಯಿಂದ ಕಳೆಯಿರಿ. ವಾರ ಬಿಟ್ಟು ಬನ್ನಿ ಅನ್ನುವುದಕ್ಕೇ ಒಪ್ಪದಿದ್ದರೆ ಅವರಿಗೆ ವಂದನೆ ಹೇಳಿ ಇನ್ನೊಂದು ಗಾಡಿ ನೋಡಿ.