ಜಗುಲಿ, ಧರೆ, ಅಡಿಕೆ ಅಟ್ಟ: ಗೃಹ ವಿಮೆಯನ್ನು ಮಲೆನಾಡಿನಲ್ಲಿ ಓದುವುದು

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ರೈತರಿಗೆ ವಿಮೆ ಹೊಸದಲ್ಲ. ಮುಂಗಾರು ಶುರುವಾದ ಮೇಲೆ ಪಹಣಿ, ಆಧಾರ್ ಹಿಡಿದು ಸೊಸೈಟಿಗೆ ಹೋಗಿ ಅಡಿಕೆಗೆ, ಕಾಳುಮೆಣಸಿಗೆ ಹವಾಮಾನ ಆಧಾರಿತ ಬೆಳೆ ವಿಮೆ ಕಟ್ಟಿಬರುತ್ತಾರೆ. ಅಡಿಕೆಗೆ ಹೆಕ್ಟೇರಿಗೆ 1,28,000 ರೂಪಾಯಿ ವಿಮಾ ಮೊತ್ತ, ಅದರಲ್ಲಿ ರೈತರು ಕಟ್ಟಬೇಕಾದದ್ದು ಶೇ 5, ಅಂದರೆ 6,400 ರೂಪಾಯಿ ಎಂಬ ಲೆಕ್ಕ ಎಲ್ಲರಿಗೂ ಬಾಯಿಗೆ ಬರುತ್ತದೆ. ಬೈಕಿಗೆ ವಿಮೆಯಿದೆ, ಎಷ್ಟೋ ಮನೆಗಳಲ್ಲಿ ಹಸುವಿಗೂ ಇದೆ. ಮನೆಗೆ ಮಾತ್ರ ಇಲ್ಲ. ಇದ್ದರೂ ಅದು ಬ್ಯಾಂಕಿನವರು ಸಾಲದ ಜೊತೆ ಮಾಡಿಸಿದ್ದು. ಅದರಲ್ಲಿ ಏನು ಬರೆದಿದೆ ಎಂದು ಸಾಲ ಪಡೆದವರಿಗೇ ಗೊತ್ತಿರುವುದಿಲ್ಲ.

ಅಪಾಯ ಕಡಿಮೆಯೆಂದು ಹೀಗಾಗಿಲ್ಲ. ಆಗುಂಬೆ, ಹುಲಿಕಲ್, ಮಾಸ್ತಿಕಟ್ಟೆಗಳು ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಸುರಿಯುವ ಜಾಗಗಳು. ತುಂಗೆ ಉಕ್ಕಿದಾಗ ತೀರ್ಥಹಳ್ಳಿಯ ರಾಮಮಂಟಪ ಮುಳುಗುತ್ತದೆ, ವರದೆ ಉಕ್ಕಿದಾಗ ಸಾಗರ ತಾಲ್ಲೂಕಿನ ಗದ್ದೆಬಯಲು ಕೆರೆಯಾಗುತ್ತದೆ. ಮನೆ ಹಿಂದೆ ಗುಡ್ಡ ಕಡಿದು ಮಾಡಿದ ಧರೆ ಕುಸಿದು ಹಿಂಗೋಡೆ ಒಡೆದದ್ದು, ಮರ ಬಿದ್ದು ಮಾಡು ಮುರಿದದ್ದು ಪ್ರತಿ ಮಳೆಗಾಲದ ಸುದ್ದಿ. 2019ರ ಆಗಸ್ಟ್ ಮಳೆಯ ನಂತರ ರಾಜ್ಯ ಸರ್ಕಾರ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿತು. ಪ್ರತಿ ಸಲ ಹಾಗೆ ಸಿಗುವುದಿಲ್ಲ. 2022ರಲ್ಲಿ ಪರಿಷ್ಕರಿಸಿದ ಕೇಂದ್ರದ ವಿಪತ್ತು ಪರಿಹಾರ ನಿಯಮದಲ್ಲಿ ಪೂರ್ತಿ ಹಾನಿಯಾದ ಮನೆಗೆ ಬಯಲುಸೀಮೆಯಲ್ಲಿ 1.20 ಲಕ್ಷ, ಗುಡ್ಡಗಾಡಿನಲ್ಲಿ 1.30 ಲಕ್ಷ. ಇವತ್ತಿನ ದರದಲ್ಲಿ ಆ ಹಣಕ್ಕೆ ಮಾಡಿನ ಮರವೂ ಬರುವುದಿಲ್ಲ. ಪರಿಹಾರ ಸರ್ಕಾರದ ಕರ್ತವ್ಯ, ಅದನ್ನು ಕೇಳುವುದು ನಮ್ಮ ಹಕ್ಕು. ಆದರೆ ಮನೆ ಮತ್ತೆ ಎದ್ದು ನಿಲ್ಲುವುದು ಅದೊಂದರಿಂದಲೇ ಆಗುವ ಕೆಲಸವಲ್ಲ.

ಆದ್ದರಿಂದ ‘ಭಾರತ್ ಗೃಹ ರಕ್ಷಾ’ ಪಾಲಿಸಿಯನ್ನು ಗಂಭೀರವಾಗಿ ಓದಬೇಕು. ವಿಮಾ ನಿಯಂತ್ರಣ ಪ್ರಾಧಿಕಾರ ಇದನ್ನು ರೂಪಿಸಿ, 2021ರ ಏಪ್ರಿಲ್ 1ರಿಂದ ಮನೆಗೆ ಅಗ್ನಿ ವಿಮೆ ಮಾರುವ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಕೊಡಲೇಬೇಕೆಂದು ಕಡ್ಡಾಯ ಮಾಡಿತು. ಸರ್ಕಾರಿ ಕಂಪನಿಯಲ್ಲಿ ಕೊಂಡರೂ ಖಾಸಗಿಯಲ್ಲಿ ಕೊಂಡರೂ ಮೂಲ ಷರತ್ತುಗಳು ಒಂದೇ. ಹಾಗಾಗಿ ಅಂಗಡಿ ಅಂಗಡಿ ತಿರುಗಿ ನೋಡಬೇಕಾದದ್ದು ಪ್ರೀಮಿಯಂ, ಹೆಚ್ಚುವರಿ ರಕ್ಷಣೆಗಳು ಮತ್ತು ಕ್ಲೇಮ್ ಬಂದಾಗ ಆ ಕಂಪನಿ ನಡೆದುಕೊಳ್ಳುವ ರೀತಿ, ಇಷ್ಟನ್ನೇ.

ಇದು ಒಳ್ಳೆಯ ಪಾಲಿಸಿ. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ಪ್ರವಾಹ, ಭೂಕುಸಿತ, ಕಾಳ್ಗಿಚ್ಚು, ಮರವೋ ವಾಹನವೋ ಬಂದು ಬಡಿಯುವುದು, ನೀರಿನ ಟ್ಯಾಂಕು ಪೈಪು ಒಡೆಯುವುದು, ಗಲಭೆ ಎಲ್ಲವೂ ಮೂಲ ಪಾಲಿಸಿಯೊಳಗೇ ಇವೆ. ಈ ಅನಾಹುತಗಳ ಬೆನ್ನಿಗೆ ಏಳು ದಿನದೊಳಗೆ ಕಳವಾದರೆ ಅದೂ ಸೇರುತ್ತದೆ. ಅಮೆರಿಕದಲ್ಲಿ ಸಾಮಾನ್ಯ ಗೃಹ ವಿಮೆಯೊಳಗೆ ಪ್ರವಾಹವೂ ಇಲ್ಲ, ಭೂಕಂಪವೂ ಇಲ್ಲ. ಎರಡಕ್ಕೂ ಬೇರೆಯಾಗಿ ರಕ್ಷಣೆ ಕೊಳ್ಳಬೇಕು. ನಮ್ಮಲ್ಲಿ ಎಲ್ಲ ಒಂದೇ ಕಾಗದದಲ್ಲಿ ಸಿಗುತ್ತಿರುವುದು ಸಣ್ಣ ಮಾತಲ್ಲ.

ಲೆಕ್ಕವೂ ಸರಳ. ಮನೆಯ ಮಾರುಕಟ್ಟೆ ಬೆಲೆಯನ್ನಾಗಲಿ ಜಾಗದ ಬೆಲೆಯನ್ನಾಗಲಿ ಇಲ್ಲಿ ನೋಡುವುದಿಲ್ಲ. ಅದೇ ಮನೆಯನ್ನು ಈಗ ಮತ್ತೆ ಕಟ್ಟಲು ಏನು ಬೀಳುತ್ತದೋ ಅದೇ ವಿಮಾ ಮೊತ್ತ. 1,500 ಚದರ ಅಡಿಗೆ 2,000 ರೂಪಾಯಿ ದರ ಹಿಡಿದರೆ 30 ಲಕ್ಷ. ಒಳಗಿನ ಗೃಹಬಳಕೆ ಸಾಮಾನಿಗೆ ಪಟ್ಟಿ ಕೊಡದೆಯೇ ಕಟ್ಟಡದ ಮೊತ್ತದ ಶೇ 20, ಈ ಲೆಕ್ಕದಲ್ಲಿ 6 ಲಕ್ಷ, ತಾನಾಗಿಯೇ ಸಿಗುತ್ತದೆ. ಅದರ ಗರಿಷ್ಠ ಮಿತಿ 10 ಲಕ್ಷ. ವಿಮಾ ಮೊತ್ತ ವರ್ಷಕ್ಕೆ ಶೇ 10ರಂತೆ ಏರುತ್ತದೆ. ಹತ್ತು ವರ್ಷದವರೆಗೂ ಒಟ್ಟಿಗೇ ಮಾಡಿಸಬಹುದು. ಎಲ್ಲಕ್ಕಿಂತ ಮುಖ್ಯ, ಹಳೆಯ ಪಾಲಿಸಿಗಳಲ್ಲಿ ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿದವರ ಪರಿಹಾರವನ್ನು ಅದೇ ಪ್ರಮಾಣದಲ್ಲಿ ಕತ್ತರಿಸುತ್ತಿದ್ದ ‘ಅಂಡರ್ ಇನ್ಶೂರೆನ್ಸ್’ ನಿಯಮವನ್ನು ಇಲ್ಲಿ ಕೈಬಿಟ್ಟಿದ್ದಾರೆ. ಲೆಕ್ಕ ತಪ್ಪಿದ ಮನೆಯವರಿಗೆ ಶಿಕ್ಷೆ ಕೊಡದ ಈ ನಿರ್ಧಾರ ನ್ಯಾಯವಾದದ್ದು.

ಇಷ್ಟಾದರೂ ಪಾಲಿಸಿ ಬರೆದವರ ಕಣ್ಣ ಮುಂದೆ ಇದ್ದದ್ದು ಪೇಟೆಯ ಮನೆ, ಅಪಾರ್ಟ್‌ಮೆಂಟು. ಮಲೆನಾಡಿನ ಮನೆಯನ್ನು ಅದರೊಳಗೆ ಕೂರಿಸಲು ಹೋದಾಗ ನಾಲ್ಕು ಕಡೆ ತೊಡಕು ಕಾಣುತ್ತದೆ.

ಮೊದಲನೆಯದು ಜಗುಲಿ. ವಿಮಾ ಮೊತ್ತಕ್ಕೆ ಹಿಡಿಯುವುದು ಕಾರ್ಪೆಟ್ ವಿಸ್ತೀರ್ಣ. ಹೊರಗೋಡೆಯ ದಪ್ಪ ಅದರಲ್ಲಿ ಬರುವುದಿಲ್ಲ, ತೆರೆದ ಜಗುಲಿಯೂ ಪೂರ್ತಿಯಾಗಿ ಬರುವುದಿಲ್ಲ. ನಮ್ಮ ಹಳೆಯ ಮನೆಗಳಲ್ಲಿ ಜಗುಲಿಯೇ ಒಂದು ದೊಡ್ಡ ಪಾಲು. ಕೆತ್ತನೆಯ ಕಂಬ, ದಪ್ಪ ತೊಲೆ ಇರುವುದೂ ಅಲ್ಲೇ. ವರಾಂಡ, ಕಾಂಪೌಂಡು, ತಡೆಗೋಡೆ, ಗೋಬರ್ ಗ್ಯಾಸ್, ನೀರಿನ ತೊಟ್ಟಿ, ಸೋಲಾರ್ ಎಲ್ಲವನ್ನೂ ಹೆಚ್ಚುವರಿ ಕಟ್ಟಡಗಳೆಂದು ಪಾಲಿಸಿ ಒಪ್ಪುತ್ತದೆ, ಆದರೆ ಅವುಗಳ ಮೊತ್ತವನ್ನು ಬೇರೆಯಾಗಿ ಲೆಕ್ಕ ಹಾಕಿ ಸೇರಿಸಬೇಕು. ಏಜೆಂಟರು ಫೋನಿನಲ್ಲೇ ಅಳತೆ ಕೇಳಿ ಮುಗಿಸಿದರೆ ಇವೆಲ್ಲ ಹೊರಗೇ ಉಳಿಯುತ್ತವೆ. ಹಲಸು, ಹೊನ್ನೆ, ಬೀಟೆ ಮರದ ಮನೆಯನ್ನು ಸಿಮೆಂಟು ಮನೆಯ ದರದಲ್ಲಿ ಮತ್ತೆ ಕಟ್ಟಲಾಗುವುದಿಲ್ಲ. ಊರಿನ ಮೇಸ್ತ್ರಿ, ಬಡಗಿಯರನ್ನು ಕೇಳಿ ದರ ಹಾಕಿ. ಸೋಗೆ, ಹುಲ್ಲು, ಬಿದಿರು, ಹಲಗೆ, ಟಾರ್ಪಾಲಿನ ಗೋಡೆ ಅಥವಾ ಮಾಡು ಇದ್ದರೆ ಅದನ್ನು ‘ಕಚ್ಚಾ’ ಕಟ್ಟಡ ಎನ್ನುತ್ತಾರೆ. ಮಣ್ಣುಗೋಡೆಗೆ ಹೆಂಚು ಹೊದಿಸಿದ ಮನೆಗೆ ಆ ಹೆಸರು ಅನ್ವಯಿಸುವುದಿಲ್ಲ. ಕೊಟ್ಟಿಗೆಗೆ ಸೋಗೆ ಹೊದಿಸಿದ್ದರೆ ಮುಚ್ಚಿಡದೆ ಪ್ರಸ್ತಾವನಾ ಅರ್ಜಿಯಲ್ಲೇ ಬರೆಯಿರಿ.

ಎರಡನೆಯದು ಧರೆ. ಭೂಕುಸಿತ ಪಾಲಿಸಿಯಲ್ಲಿದೆ ಎಂದು ಓದಿ ನೆಮ್ಮದಿಯಾಗುವಂತಿಲ್ಲ. ಅದರ ಪಕ್ಕದಲ್ಲೇ ಹೊರತಾದವುಗಳ ಸಾಲಿದೆ: ಹೊಸ ಕಟ್ಟಡ ತಳ ಕೂರುವಾಗ ಬರುವ ಬಿರುಕು, ತುಂಬಿಸಿದ ಮಣ್ಣು ಜಗ್ಗುವುದು, ನದಿಕೊರೆತ, ದೋಷದ ವಿನ್ಯಾಸ ಅಥವಾ ಕಳಪೆ ಕೆಲಸ, ಕಟ್ಟುವ ಕೆಡವುವ ಅಗೆಯುವ ಕೆಲಸದಿಂದ ಆದ ಹಾನಿ. ಮಲೆನಾಡಿನಲ್ಲಿ ಮನೆ ಕಟ್ಟುವುದೆಂದರೆ ಗುಡ್ಡ ಕಡಿದು ಧರೆ ಮಾಡಿ, ಆ ಮಣ್ಣನ್ನೇ ಮುಂದೆ ತುಂಬಿಸಿ ಅಂಗಳ ಮಾಡುವುದು. ಧರೆ ಮಳೆಗೆ ಕುಸಿಯಿತೋ, ಜೆಸಿಬಿಯಲ್ಲಿ ಕಡಿದದ್ದರಿಂದ ಕುಸಿಯಿತೋ ಎಂಬ ಪ್ರಶ್ನೆ ಸರ್ವೇಯರ್ ಬಂದ ದಿನ ಎದ್ದೇ ಏಳುತ್ತದೆ. ಪಾಲಿಸಿಯ ಅತಿ ದೊಡ್ಡ ಕೊರತೆ ಇದು. ತಲೆಮಾರಿನಿಂದ ನಿಂತ ಧರೆಗೂ ಕಳೆದ ಬೇಸಿಗೆಯಲ್ಲಿ ಕಡಿದ ಧರೆಗೂ ಅದರ ಷರತ್ತಿನಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ. 2018ರಲ್ಲಿ ಕೊಡಗು, 2024ರಲ್ಲಿ ಅಂಕೋಲಾದ ಶಿರೂರು ಮತ್ತು ವಯನಾಡ್‌ನ ಭೂಕುಸಿತಗಳನ್ನು ನೋಡಿದ ಮೇಲೂ ಘಟ್ಟದ ಮನೆಗಳಿಗೆ ಈ ಅಸ್ಪಷ್ಟತೆ ಉಳಿಯಬಾರದು. ಅದನ್ನು ತಿದ್ದುವವರೆಗೆ ನಮ್ಮ ಕೈಯಲ್ಲಿರುವುದು ದಾಖಲೆ: ಮಳೆಗೆ ಮುಂಚೆ ಧರೆಯ ಫೋಟೊ, ತಡೆಗೋಡೆ ಕಟ್ಟಿಸಿದ ಬಿಲ್ಲು, ಧರೆ ಎಷ್ಟು ಹಳೆಯದೆಂದು ಅರ್ಜಿಯಲ್ಲೇ ಬರೆದದ್ದು.

ಮೂರನೆಯದು ಅಟ್ಟದ ಮೇಲಿನ ಅಡಿಕೆ. ಒಳ್ಳೆಯ ದರಕ್ಕೆ ಕಾಯುತ್ತ ಚೀಲಗಟ್ಟಲೆ ಅಡಿಕೆ ಮನೆಯಲ್ಲೇ ಇಡುವುದು ನಮ್ಮ ಪದ್ಧತಿ. ಕಟ್ಟಡದಷ್ಟೇ ಬೆಲೆಯ ಮಾಲು ಅಟ್ಟದಲ್ಲಿ ಇರುವುದುಂಟು. ಪಾಲಿಸಿ ಹೇಳುವ ಸಾಮಾನುಗಳೆಂದರೆ ಪೀಠೋಪಕರಣ, ಟಿವಿ, ಪಾತ್ರೆ, ಬಟ್ಟೆಯಂಥ ಗೃಹಬಳಕೆಯವು. ಮಾರಾಟದ ಅಡಿಕೆ ಆ ವಿವರಣೆಗೆ ಹೊಂದುವುದಿಲ್ಲ. ಅಡಿಕೆ ಬೇಯಿಸುವ ಒಲೆಯ ಕಿಡಿಯಿಂದ ಬೆಂಕಿ ಬಿದ್ದರೆ ಮನೆಗೆ ಹಣ ಬಂದೀತು, ಅಡಿಕೆಗೆ ಬರುತ್ತದೆಂದು ನಂಬಿ ಕೂರುವಂತಿಲ್ಲ. ದಾಸ್ತಾನಿಗೆ ಬೇರೆ ಅಗ್ನಿ ವಿಮೆ ಬೇಕು, ಇಲ್ಲವೇ ಮಾಲನ್ನು ಸಹಕಾರ ಸಂಘದ ಗೋದಾಮಿಗೆ ಹಾಕಬೇಕು. ಅಲ್ಲಿಯೂ ದಾಸ್ತಾನಿಗೆ ವಿಮೆ ಇದೆಯೇ ಎಂದು ಕೇಳಿಕೊಳ್ಳಿ. ಚಿನ್ನಕ್ಕೂ ಬೆಲೆಬಾಳುವ ವಸ್ತುಗಳಿಗೂ ಐಚ್ಛಿಕ ರಕ್ಷಣೆಯನ್ನು ಪ್ರತ್ಯೇಕವಾಗಿ ಸೇರಿಸಿಕೊಳ್ಳಬೇಕು.

ನಾಲ್ಕನೆಯದು ಸಿಡಿಲು. ಸಿಡಿಲು ಬಡಿದು ಮಾಡು ಹೊತ್ತಿದರೆ, ಗೋಡೆ ಸೀಳಿದರೆ ಹಣ ಸಿಗುತ್ತದೆ. ನಮ್ಮಲ್ಲಿ ಹೆಚ್ಚಾಗಿ ಆಗುವುದು ಬೇರೆ: ತಂತಿಯಲ್ಲಿ ಬಂದ ಸಿಡಿಲಿಗೆ ಟಿವಿ, ಇನ್ವರ್ಟರ್, ಫ್ರಿಜ್ ಸುಡುವುದು. ವಿದ್ಯುತ್ತಿನ ಒತ್ತಡ, ಶಾರ್ಟ್ ಸರ್ಕ್ಯೂಟ್‌ನಿಂದ ಕೆಟ್ಟ ಆ ಉಪಕರಣಕ್ಕೆ, ಕಾರಣ ಸಿಡಿಲೇ ಆದರೂ, ಮೂಲ ಪಾಲಿಸಿ ಹಣ ಕೊಡುವುದಿಲ್ಲ. ಅದರಿಂದ ಬೆಂಕಿ ಹರಡಿ ಉಳಿದದ್ದು ಸುಟ್ಟರೆ ಮಾತ್ರ ಆ ಉಳಿದದ್ದಕ್ಕೆ ರಕ್ಷಣೆ. ಮಂಗ ಒಡೆದ ಹೆಂಚು, ಗೆದ್ದಲು ತಿಂದ ರೀಪು, ವರ್ಷಗಟ್ಟಲೆ ಸೋರಿ ಕರಗಿದ ಗೋಡೆ ಇವು ಪಾಲಿಸಿಯ ಅನಾಹುತಗಳ ಪಟ್ಟಿಯಲ್ಲಿ ಹೆಸರಿಸಿದವಲ್ಲ. ಅವನ್ನು ಮನೆ ರಿಪೇರಿಯ ಖರ್ಚೆಂದೇ ಲೆಕ್ಕ ಹಿಡಿಯುವುದು ವಾಸಿ.

ಇನ್ನು ಕೊಳ್ಳುವ ರೂಢಿಯ ಮಾತು. ಬೆಳೆ ವಿಮೆ ನಮಗೆ ಒಂದು ನಿರೀಕ್ಷೆಯನ್ನು ಕಲಿಸಿಬಿಟ್ಟಿದೆ. ಅಲ್ಲಿ ಮಳೆಮಾಪಕದ ಅಂಕಿ ಮಾತಾಡುತ್ತದೆ, ತೋಟಕ್ಕೆ ಯಾರೂ ಬರುವುದಿಲ್ಲ, ಹಣ ಖಾತೆಗೆ ಬೀಳುತ್ತದೆ. ಗೃಹ ವಿಮೆಯಲ್ಲಿ ಎಷ್ಟು ಮಳೆ ಬಂತೆಂಬುದರ ಮೇಲೆ ಹಣ ಬರುವುದಿಲ್ಲ, ನಿಮ್ಮ ಮನೆಗೆ ಆದ ನಷ್ಟದ ಮೇಲೆ ಬರುತ್ತದೆ. ಅನಾಹುತವಾದ ಕೂಡಲೇ ಕಂಪನಿಗೆ ತಿಳಿಸಬೇಕು, 30 ದಿನದೊಳಗೆ ಕ್ಲೇಮ್ ಅರ್ಜಿ ಕೊಡಬೇಕು, ಸರ್ವೇಯರ್ ನೋಡುವ ಮುಂಚೆ ಅವಶೇಷ ಸಾಗಿಸಬಾರದು. ‘ವರ್ಷ ವರ್ಷ ಕಟ್ಟಿದೆ, ಏನೂ ಬರಲಿಲ್ಲ’ ಎಂದು ಬಿಡುವವರಿದ್ದಾರೆ. ಏನೂ ಆಗದ ವರ್ಷ ಏನೂ ಬರದಿರುವುದೇ ಈ ವಿಮೆಯ ಸ್ವಭಾವ.

ಬ್ಯಾಂಕು ಮಾಡಿಸಿದ ಪಾಲಿಸಿ ಇದ್ದವರು ಅದರ ಪ್ರತಿ ಕೇಳಿ ಪಡೆಯಲಿ. ಎಷ್ಟೋ ಸಲ ಅದು ಸಾಲಗಾರರು ತೀರಿಕೊಂಡರೆ ಸಾಲ ತೀರಿಸುವ ಜೀವ ವಿಮೆಯಾಗಿರುತ್ತದೆ, ಬಿದ್ದ ಗೋಡೆಗೂ ಅದಕ್ಕೂ ಸಂಬಂಧವಿಲ್ಲ. ಗೃಹ ವಿಮೆಯೇ ಆದರೂ ಸಾಲದ ಮೊತ್ತಕ್ಕಷ್ಟೇ ಮಾಡಿಸಿರಬಹುದು. ಅಜ್ಜನ ಹೆಸರಿನಲ್ಲೇ ಉಳಿದ, ಪಾಲಾಗದ ಮನೆಯಾದರೆ ಮೊದಲು ಪಂಚಾಯಿತಿಯ ಇ-ಸ್ವತ್ತು, ಕಂದಾಯದ ರಸೀದಿ ಸರಿಮಾಡಿಕೊಳ್ಳಿ. ಇಲ್ಲಿಯೇ ದೊಡ್ಡ ಅನ್ಯಾಯವೂ ಇದೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದು ಅರವತ್ತು ವರ್ಷ ಕಳೆದರೂ ಶರಾವತಿ ಮುಳುಗಡೆಯ ಎಷ್ಟೋ ಕುಟುಂಬಗಳಿಗೆ ತಾವಿರುವ ಜಾಗದ ಹಕ್ಕುಪತ್ರವಿಲ್ಲ. ನಾಡಿಗೆ ಬೆಳಕು ಕೊಡಲು ಒಮ್ಮೆ ಮನೆ ಕಳೆದುಕೊಂಡವರೇ ಈಗಿನ ಮನೆಗೆ ವಿಮೆ ಮಾಡಿಸಲು ದಾಖಲೆಯಿಲ್ಲದೆ ನಿಲ್ಲಬೇಕಾಗಿದೆ.

ನನ್ನ ತೀರ್ಮಾನ ಸ್ಪಷ್ಟ: ಕೊಳ್ಳಬೇಕಾದ ಪಾಲಿಸಿ ಇದು, ಕುರುಡಾಗಿ ಕೊಳ್ಳಬಾರದಷ್ಟೆ. ಷರತ್ತುಗಳ ಸಾರಾಂಶವನ್ನು ಕನ್ನಡದಲ್ಲಿ ಕೊಡಿ ಎಂದು ಕೇಳಿ. ಕ್ಲೇಮ್ ತಿರಸ್ಕರಿಸಿದರೆ ಮೊದಲು ಕಂಪನಿಗೆ ಲಿಖಿತ ದೂರು, ಆಮೇಲೆ ಪ್ರಾಧಿಕಾರದ ದೂರು ಪೋರ್ಟಲ್ ‘ಬಿಮಾ ಭರೋಸಾ’, ಅದಾದ ಮೇಲೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಇದ್ದಾರೆ. ಅಲ್ಲಿ ದೂರು ಕೊಡಲು ಶುಲ್ಕವಿಲ್ಲ, ವಕೀಲರೂ ಬೇಡ.

ಆದರೆ ಒಬ್ಬೊಬ್ಬರೇ ಓದಿ, ಒಬ್ಬೊಬ್ಬರೇ ವಾದಿಸಿ ಧರೆಯ ಷರತ್ತು ಬದಲಾಗುವುದಿಲ್ಲ. ಬೆಳೆ ವಿಮೆಯನ್ನು ಮನೆಮನೆಗೆ ಮುಟ್ಟಿಸಿದ್ದು ನಮ್ಮ ಸೊಸೈಟಿಗಳು. ಅಡಿಕೆ ವ್ಯಾಪಾರದ ನ್ಯಾಯಕ್ಕಾಗಿ ಮ್ಯಾಮ್‌ಕೋಸ್‌ನಂಥ ಸಂಸ್ಥೆ ಕಟ್ಟಿದ ಸೀಮೆಯಿದು. ಸದಸ್ಯರ ಮನೆಗಳನ್ನು ಅಳತೆ ಮಾಡಿಸಿ, ಜಗುಲಿ ಕೊಟ್ಟಿಗೆ ಸೇರಿಸಿ, ಅಡಿಕೆ ದಾಸ್ತಾನಿಗೂ ರಕ್ಷಣೆ ಕೇಳಿ, ಒಟ್ಟಾಗಿ ವಿಮಾ ಕಂಪನಿಯ ಮುಂದೆ ಕೂರುವ ಶಕ್ತಿ ಅವಕ್ಕಿದೆ. ಮುಂದಿನ ಸರ್ವ ಸದಸ್ಯರ ಸಭೆಯಲ್ಲಿ ಡಿವಿಡೆಂಡಿನ ಚರ್ಚೆಯ ಜೊತೆ ಈ ವಿಷಯವನ್ನೂ ಕಾರ್ಯಸೂಚಿಗೆ ಸೇರಿಸಿ ಎಂದು ಸದಸ್ಯರೇ ಬರೆದುಕೊಡಲಿ.