ಮೂರು ಬೆಳ್ಳಿ, ಒಂದು ಬಿದಿರುಗಳ

ಕೊರವಂಗಲದ ಹಾಲಿನ ಡೇರಿ ಮುಂದೆ ಬೆಳಿಗ್ಗೆ ಆರೂವರೆಗೆ ಶುರುವಾಗುವ ಚರ್ಚೆಗೆ ಸಾಮಾನ್ಯವಾಗಿ ಫ್ಯಾಟ್ ಎಷ್ಟು ಬಂತು ಎನ್ನುವುದೇ ವಿಷಯ. ಕಳೆದ ಸೋಮವಾರ ಮಾತ್ರ, ಕಾನ್‌ಸ್ಟೆಬಲ್ ಪರೀಕ್ಷೆಗೆ ಓದುತ್ತಿರುವ ಹುಡುಗನೊಬ್ಬ ಕ್ಯಾನು ಕೆಳಗಿಟ್ಟು ಕೇಳಿದ: "ಸಾ, ನಮ್ ಹಾಸನ ಜಿಲ್ಲೆಗೆ ಒಲಿಂಪಿಕ್ಸಲ್ಲಿ ಎಷ್ಟು ಮೆಡ್ಲು ಬಂದಿದಾವೆ?"

ನಾನು ಬಾಯಿ ತೆರೆಯುವ ಮೊದಲೇ ಸಾಲಿನಲ್ಲಿದ್ದ ಯಜಮಾನರೊಬ್ಬರು ಉತ್ತರ ಕೊಟ್ಟಾಗಿತ್ತು. "ಒಂದೂ ಇಲ್ಲ ಕಣ್ಲಾ. ನಮ್ಗಿರೋದು ಜಾವಗಲ್ ಶ್ರೀನಾಥ್ ಒಬ್ರೇ. ಒಲಿಂಪಿಕ್ಸಲ್ಲಿ ಕ್ರಿಕೆಟ್ ಎಲ್ಲಿತ್ತು ಆವಾಗ?"

"ಮೂರು ಬಂದಿದಾವೆ ಗೌಡ್ರೇ," ಎಂದೆ. "ಮೂರೂ ಬೆಳ್ಳಿ. ಲಂಡನ್ನಲ್ಲಿ ಒಂದು, ಟೋಕಿಯೊದಲ್ಲಿ ಒಂದು, ಪ್ಯಾರಿಸ್ಸಲ್ಲಿ ಒಂದು."

ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಆಮೇಲೆ ನೆನಪಾಯಿತು. "ಓ, ಅದಾ! ಅದು ಕಾಲಿಲ್ದೋರ್‌ದಲ್ವಾ," ಎಂದು ಹಾಲು ಅಳೆಸಲು ಮುಂದೆ ಹೋದರು.

ಅವರ ಮಾತಿನಲ್ಲಿ ಕೆಟ್ಟತನವೇನೂ ಇರಲಿಲ್ಲ. ಆದರೆ ಆ "ಅದಾ" ವಾರವಿಡೀ ಕಿವಿಯಲ್ಲಿ ಉಳಿಯಿತು. ನಮ್ಮೂರಿನ ಬೂಚೇಶ್ವರ ದೇವಸ್ಥಾನಕ್ಕೂ ಜನ ಹೀಗೆಯೇ ಬರುತ್ತಾರೆ: ಬೇಲೂರು, ಹಳೇಬೀಡು ಮುಗಿದು, ಊಟವೂ ಆಗಿ, ಇನ್ನೂ ಹೊತ್ತು ಉಳಿದಿದ್ದರೆ. ವೀರಬಲ್ಲಾಳನ ಪಟ್ಟಾಭಿಷೇಕದ ಸಂಭ್ರಮಕ್ಕೆಂದು ಬೂಚಿರಾಜ 1173ರಲ್ಲಿ ಕಟ್ಟಿಸಿದ ಗುಡಿ ಅದು. ಒಂದು ಕಡೆ ಈಶ್ವರ, ಅವನಿಗೆ ಎದುರುಮುಖವಾಗಿ ಸೂರ್ಯ. ಬಂದವರು ಹತ್ತು ನಿಮಿಷ ಸುತ್ತಿ, "ಇದೂ ಚೆನ್ನಾಗಿದೆ" ಎಂದು ಕಾರು ಹತ್ತುತ್ತಾರೆ. ಆ "ಇದೂ" ಕೂಡ "ಅದಾ"ದ ತಮ್ಮನೇ.

ಮೊದಲು ಆ ಮೂರರಲ್ಲಿ ಹಿರಿಯದನ್ನು ನೋಡೋಣ. 2012ರ ಸೆಪ್ಟೆಂಬರ್ 3, ಲಂಡನ್ ಪ್ಯಾರಾಲಿಂಪಿಕ್ಸ್, ಗಂಡಸರ ಎತ್ತರ ಜಿಗಿತ, ಎಫ್42 ವರ್ಗ. ಭಾರತದಿಂದ ಹೋದವರು ಎಲ್ಲ ಕ್ರೀಡೆಗಳೂ ಸೇರಿ ಹತ್ತೇ ಜನ. ಪದಕ ತಂದವರು ಒಬ್ಬರೇ, ನಮ್ಮ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ. ಪಟ್ಟಿಯಲ್ಲಿ ಅವರ ಹೆಸರು ಗಿರೀಶ ಹೊಸನಗರ ನಾಗರಾಜೇಗೌಡ ಎಂದು ಇಡಿಯಾಗಿಯೇ ಇತ್ತು. ಊರು, ಅಪ್ಪ, ಮಗ ಮೂವರೂ ಒಟ್ಟಿಗೆ ಲಂಡನ್ನಿನ ಬೋರ್ಡು ಹತ್ತಿದ್ದು ನನಗೆ ಪದಕದಷ್ಟೇ ಖುಷಿ ಕೊಟ್ಟ ಸಂಗತಿ. ಎತ್ತರ 1.74 ಮೀಟರ್.

ಮರುದಿನ ಪತ್ರಿಕೆಗಳಲ್ಲಿ ನಾನು ಓದಿದ್ದೆಲ್ಲ ತೊಂದರೆಯಿರುವ ಅವರ ಎಡಗಾಲಿನ ಬಗ್ಗೆ, ಅಪ್ಪ ಅಮ್ಮನ ಬಗ್ಗೆ, ಛಲದ ಬಗ್ಗೆ. ಎಲ್ಲ ನಿಜವೇ. ಆದರೆ ಜಿಗಿತ ಹೇಗಿತ್ತು? ಅದನ್ನು ಹೇಳಿದ ಬರಹ ನನ್ನ ಕಣ್ಣಿಗೆ ಬೀಳಲಿಲ್ಲ. ಎಷ್ಟೋ ದಿನ ಕಳೆದ ಮೇಲೆ ವಿಡಿಯೊ ನೋಡಿದಾಗ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಏಕೆಂದರೆ ಆ ಜಿಗಿತ ನನಗೆ ಗೊತ್ತಿತ್ತು.

ನಾನು ಓದಿದ ಹಳ್ಳಿ ಶಾಲೆಯಲ್ಲಿ ಎತ್ತರ ಜಿಗಿತವೆಂದರೆ ಎರಡು ಗೂಟ, ಗೂಟದುದ್ದಕ್ಕೂ ಎರಡಿಂಚಿಗೊಂದು ಮೊಳೆ, ಮೊಳೆಗಳ ಮೇಲೆ ಒಂದು ಬಿದಿರುಗಳ. ಆಚೆ ಕಡೆ ಗುಂಡಿ ತೋಡಿ ತುಂಬಿದ ಮರಳು. ಅಲ್ಲಿ ಹಾರುವುದು ಒಂದೇ ಬಗೆ. ಓರೆಯಾಗಿ ಓಡಿ ಬಂದು, ಗಳಕ್ಕೆ ದೂರದ ಕಾಲನ್ನು ಒತ್ತಿ, ಹತ್ತಿರದ ಕಾಲನ್ನು ಮೊದಲು ಎತ್ತಿ ದಾಟಿಸಿ, ಅದು ಇಳಿಯುವಾಗ ಇನ್ನೊಂದನ್ನು ಹಿಂದೆಯೇ ಎಳೆದುಕೊಳ್ಳುವುದು. ಕತ್ತರಿ ಬಾಯಿ ಬಿಟ್ಟು ಮುಚ್ಚಿದ ಹಾಗೆ. ಅದಕ್ಕೇ ಕತ್ತರಿ ಜಿಗಿತ. ಟಿ.ವಿ.ಯಲ್ಲಿ ಕಾಣುವಂತೆ ಬೆನ್ನು ಕೊಟ್ಟು ಹಾರಲು ಹೋದವನಿಗೆ ಪಿ.ಟಿ. ಮೇಷ್ಟ್ರು ಬೆತ್ತ ತೋರಿಸುತ್ತಿದ್ದರು. ಕುತ್ತಿಗೆ ಮುರಿದರೆ ಯಾರು ಜವಾಬ್ದಾರಿ?

ಬೆನ್ನುಜಿಗಿತವನ್ನು ಜಗತ್ತಿಗೆ ತೋರಿಸಿದವನು ಅಮೆರಿಕದ ಡಿಕ್ ಫಾಸ್ಬರಿ, 1968ರ ಮೆಕ್ಸಿಕೊದಲ್ಲಿ, 2.24 ಮೀಟರ್ ಹಾರಿ. ಅವನ ಬುದ್ಧಿಯನ್ನು ಎಲ್ಲರೂ ಹೊಗಳುತ್ತಾರೆ, ಅವನು ಬಿದ್ದ ಜಾಗವನ್ನು ಯಾರೂ ನೆನೆಯುವುದಿಲ್ಲ. ಫೋಮ್ ಹಾಸಿಗೆ ಬಂದದ್ದರಿಂದ ಬೆನ್ನಮೇಲೆ ಬೀಳುವ ಧೈರ್ಯ ಬಂತು. ಮರಳಿದ್ದ ಕಡೆ ಕತ್ತರಿಯೇ ಉಳಿಯಿತು. ನಮ್ಮ ತಾಲ್ಲೂಕಿನ ಹೋಬಳಿ ಮಟ್ಟದ ಕ್ರೀಡಾಕೂಟಗಳಲ್ಲಿ ಇವತ್ತಿಗೂ ನಾನು ಹೆಚ್ಚಾಗಿ ಕಾಣುವುದು ಕತ್ತರಿಯನ್ನೇ.

ಕತ್ತರಿಯ ಕಷ್ಟ ಲೆಕ್ಕದಲ್ಲಿದೆ. ಬೆನ್ನುಜಿಗಿತದಲ್ಲಿ ದೇಹ ಬಿಲ್ಲಿನಂತೆ ಬಾಗಿ ತುಂಡುತುಂಡಾಗಿ ಗಳ ದಾಟುತ್ತದೆ. ತಲೆ ದಾಟಿದಾಗ ಕಾಲು ಇನ್ನೂ ಕೆಳಗೇ ಇರುತ್ತದೆ. ದೇಹದ ಭಾರದ ನಡುಬಿಂದು ಗಳದ ಮಟ್ಟದಲ್ಲೋ, ನುರಿತವರಲ್ಲಿ ಅದಕ್ಕಿಂತ ಕೆಳಗೋ ಸಾಗಿದರೂ ಜಿಗಿತ ಸಫಲ. ಕತ್ತರಿಯಲ್ಲಿ ಜಿಗಿಯುವವನು ನೆಟ್ಟಗೆ, ಹೆಚ್ಚುಕಡಿಮೆ ಗಾಳಿಯಲ್ಲಿ ಕುಳಿತಂತೆ ದಾಟಬೇಕು. ಭಾರವನ್ನು ಗಳದಿಂದ ಗೇಣಷ್ಟಾದರೂ ಮೇಲೆ ಒಯ್ಯದಿದ್ದರೆ ಪೃಷ್ಠಕ್ಕೆ ಗಳ ತಾಗಿತೆಂದೇ ಅರ್ಥ. ಹಾಗಾಗಿ 1.74ರ ಕತ್ತರಿ 1.74ರ ಬೆನ್ನುಜಿಗಿತಕ್ಕಿಂತ ದೊಡ್ಡ ಜಿಗಿತ. ಮೇಲಕ್ಕೆ ಒಯ್ಯುವ ಕೆಲಸ ಪೂರ್ತಿ ಒತ್ತುವ ಕಾಲಿನದು. ಗಿರೀಶರಲ್ಲಿ ಆ ಒಂದು ಕಾಲೇ ಇಬ್ಬರ ದುಡಿಮೆ ಮಾಡುವುದು ಕಾಣುತ್ತದೆ. ಇದನ್ನು ನೋಡುವುದು ಬಿಟ್ಟು ಇನ್ನೊಂದು ಕಾಲನ್ನೇ ನೋಡಿ ನಾವು ಕಣ್ಣೊರೆಸಿಕೊಂಡೆವು.

ಅಂದಿನ ಸ್ಪರ್ಧೆಯ ಸೊಗಸು ಇನ್ನೂ ಇದೆ. ಚಿನ್ನ ಗೆದ್ದ ಫಿಜಿಯ ಇಲಿಯೇಸಾ ಡೆಲಾನಾ ಮೂರು ವರ್ಷದ ಮಗುವಾಗಿದ್ದಾಗ ಬಸ್ ಅಪಘಾತದಲ್ಲಿ ಕಾಲು ಕಳೆದುಕೊಂಡವರು. ಕೃತಕ ಕಾಲು ಹಾಕದೆ, ಇರುವ ಒಂದೇ ಕಾಲಲ್ಲಿ ಕುಂಟುತ್ತಾ ಓಡಿಬಂದು ಗಳಕ್ಕೆ ತಮ್ಮನ್ನೇ ಎಸೆದುಕೊಳ್ಳುವ ಅವರ ಬಗೆ ಕುಂಟೆಬಿಲ್ಲೆ ಆಡಿದವರಿಗೆಲ್ಲ ಅರ್ಥವಾಗುವಂಥದ್ದು. ಕಂಚು ಪೋಲೆಂಡಿನ ಲುಕಾಶ್ ಮಾಮ್‌ಚಾಜ್‌ಗೆ. ಚಿನ್ನದವರು ದಾಟಿದ್ದೂ 1.74, ನಮ್ಮವರು ದಾಟಿದ್ದೂ 1.74. ಹಾಗಾದರೆ ಬೆಳ್ಳಿ ಹೇಗೆ?

ಇಲ್ಲಿ ಪಿ.ಟಿ. ಮೇಷ್ಟ್ರ ನೋಟ್‌ಬುಕ್ಕು ಬೇಕು. ದಾಟಿದರೆ ಸೊನ್ನೆ, ಬೀಳಿಸಿದರೆ ಇಂಟು. ಒಂದು ಎತ್ತರಕ್ಕೆ ಮೂರು ಅವಕಾಶ. ಇಬ್ಬರೂ ಒಂದೇ ಎತ್ತರಕ್ಕೆ ನಿಂತರೆ, ಆ ಎತ್ತರವನ್ನು ಕಡಿಮೆ ಪ್ರಯತ್ನದಲ್ಲಿ ದಾಟಿದವನು ಮೇಲೆ. ಅಲ್ಲೂ ಸಮವಾದರೆ ಅಲ್ಲಿಯವರೆಗಿನ ಇಂಟುಗಳನ್ನು ಎಣಿಸುತ್ತಾರೆ. ಹೊರಗಿನಿಂದ ನೋಡುವವರಿಗೆ ಇದು ಕಂದಾಯದ ಕಚೇರಿಯ ಕೊಕ್ಕೆಯಂತೆ ಕಾಣಬಹುದು. ಆದರೆ ಎತ್ತರ ಜಿಗಿತದ ರುಚಿಯೆಲ್ಲ ಅಲ್ಲೇ ಇದೆ. ಮೊದಲೇ ಸಿಕ್ಕಿದ ಒಂದು ಇಂಟು ಗಂಟೆಯ ನಂತರ ಬಂದು ಬಾಗಿಲು ತಟ್ಟುತ್ತದೆ. ಡೆಲಾನಾ ಕಡಿಮೆ ಪ್ರಯತ್ನದಲ್ಲಿ ಮುಗಿಸಿದ್ದರು. ಎತ್ತರದಲ್ಲಿ ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ.

ಅದು ಫಿಜಿ ದೇಶದ ಮೊಟ್ಟಮೊದಲ ಪ್ಯಾರಾಲಿಂಪಿಕ್ ಪದಕ. ಮುಂದಿನ ವರ್ಷ ಅವರು ಡೆಲಾನಾ ಚಿತ್ರವಿರುವ 50 ಸೆಂಟ್ ನಾಣ್ಯ ಹೊರಡಿಸಿದರು. ನಮ್ಮಲ್ಲಿ ಗಿರೀಶರಿಗೆ 2013ರಲ್ಲಿ ಪದ್ಮಶ್ರೀ ಬಂತು, ಆಮೇಲೆ ಅರ್ಜುನ ಪ್ರಶಸ್ತಿಯೂ ಬಂತು. ಗೌರವಕ್ಕೆ ಕೊರತೆಯಾಗಲಿಲ್ಲ. ಆದರೂ ಕಿಸೆಯಲ್ಲಿ ನಾಣ್ಯವಾಗಿ ಕುಳಿತವನನ್ನು ಯಾರೂ "ಅದಾ" ಎನ್ನಲಾರರೇನೋ.

ಉಳಿದ ಎರಡು ಬೆಳ್ಳಿ ಒಬ್ಬರವೇ. 1983ರಲ್ಲಿ ಹಾಸನದಲ್ಲಿ ಹುಟ್ಟಿ, ಸುರತ್ಕಲ್‌ನಲ್ಲಿ ಎಂಜಿನಿಯರಿಂಗ್ ಓದಿ, ಐಎಎಸ್ ಆಗಿ ಉತ್ತರ ಪ್ರದೇಶಕ್ಕೆ ಹೋದ ಎಲ್.ವೈ. ಸುಹಾಸ್. ಎಲ್ ಎಂದರೆ ಲಾಳಿನಕೆರೆ, ವೈ ಎಂದರೆ ಯತಿರಾಜ್. ಇಲ್ಲೂ ಊರು, ಅಪ್ಪ ಜೊತೆಗೇ ಹೋಗಿದ್ದಾರೆ. ಬ್ಯಾಡ್ಮಿಂಟನ್ ಪ್ಯಾರಾಲಿಂಪಿಕ್ಸಿಗೆ ಬಂದದ್ದೇ ಟೋಕಿಯೊದಲ್ಲಿ. ಸುಹಾಸ್ ಆಡುವ ಎಸ್ಎಲ್4 ವರ್ಗದಲ್ಲಿ ಸಿಂಗಲ್ಸಿಗೆ ಪೂರ್ತಿ ಅಂಕಣ. ಅದಕ್ಕಿಂತ ಹೆಚ್ಚಿನ ತೊಂದರೆಯಿರುವ ಎಸ್ಎಲ್3ರಲ್ಲಿ ಅರ್ಧ ಅಂಕಣ. ಈ ವ್ಯತ್ಯಾಸ ತಿಳಿದರೆ ಆಟವೇ ಬೇರೆಯಾಗಿ ಕಾಣುತ್ತದೆ. ಅರ್ಧ ಅಂಕಣದಲ್ಲಿ ಹಿಂದಕ್ಕೆ ಮುಂದಕ್ಕೆ ಎಳೆದಾಡುವ ತಾಳ್ಮೆಯ ಜಗ್ಗಾಟ. ಪೂರ್ತಿ ಅಂಕಣದಲ್ಲಿ ನಾಲ್ಕು ಮೂಲೆಗೂ ಓಡಬೇಕು, ಪ್ರತಿ ಸಲವೂ ನಡುವಿಗೆ ಮರಳಬೇಕು. ಆ ಮರಳುವ ಮೊದಲ ಹೆಜ್ಜೆ ಕಣಕಾಲಿನಿಂದಲೇ ಹೊರಡಬೇಕು. ಸುಹಾಸ್‌ಗೆ ತೊಂದರೆ ಇರುವುದು ಅಲ್ಲೇ.

2021ರ ಸೆಪ್ಟೆಂಬರ್ 5ರ ಫೈನಲ್ಲಿನಲ್ಲಿ ಎದುರಾದವರು ಫ್ರಾನ್ಸಿನ ಲುಕಾ ಮಜೂರ್. ಅವರಿಗೆ 23, ಇವರಿಗೆ 38. ಆಗ ಇವರು ಗೌತಮ ಬುದ್ಧ ನಗರದ ಜಿಲ್ಲಾಧಿಕಾರಿ. ಹಗಲು ಕೋವಿಡ್ ಕೆಲಸ, ರಾತ್ರಿ ರ‍್ಯಾಕೆಟ್ಟು. ಮೊದಲ ಗೇಮ್ 21-15ರಲ್ಲಿ ಸುಹಾಸ್ ಕೈಗೆ ಬಂತು. ವೇಗದವನ ವೇಗ ತೆಗೆದು, ಶಟಲ್ಲನ್ನು ಕೊಡಬಾರದ ಕಡೆ ಕೊಡದೆ ಆಡಿದ ಆ ಗೇಮು ನನ್ನ ಮಟ್ಟಿಗೆ ಮೂರು ಪದಕಗಳ ಕಥೆಯಲ್ಲೇ ಅತ್ಯಂತ ಚಂದದ ಭಾಗ. ಆಮೇಲೆ ವಯಸ್ಸು ಲೆಕ್ಕ ಕೇಳಿತು: 17-21, 15-21. ಪದಕ ಗೆದ್ದ ಮೊದಲ ಐಎಎಸ್ ಅಧಿಕಾರಿ ಎಂದು ಎಲ್ಲೆಡೆ ಸುದ್ದಿಯಾಯಿತು. ಕಾಲು ಬಿಟ್ಟು ಈಗ ಕುರ್ಚಿ ನೋಡತೊಡಗಿದರು. ಆಟ ನೋಡುವುದು ಮತ್ತೆ ತಪ್ಪಿತು.

ಪ್ಯಾರಿಸ್ಸಿನ ಬೆಳ್ಳಿಯನ್ನು ಅಷ್ಟೇ ಪ್ರೀತಿಯಿಂದ ನೆನೆಯಲು ನನ್ನಿಂದ ಆಗುವುದಿಲ್ಲ, ಕ್ಷಮಿಸಿ. 2024ರ ಅದೇ ಸೆಪ್ಟೆಂಬರ್, ಅದೇ ಮಜೂರ್, ಈ ಸಲ ಅವರದೇ ನೆಲ. 9-21, 13-21. ಬೆಳ್ಳಿಯಲ್ಲೂ ತರತಮ ಇದೆ ಎಂದರೆ ಅವಮಾನವಲ್ಲ. ತರತಮ ಮಾಡಿದಾಗಲೇ ಆಟಗಾರನನ್ನು ಆಟಗಾರನೆಂದು ಒಪ್ಪಿದಂತೆ. 41ನೇ ವಯಸ್ಸಿನಲ್ಲಿ ಫೈನಲ್ ತಲುಪಿದ್ದು, ಅದಕ್ಕೂ ಮೊದಲು ಅದೇ ವರ್ಷ ಪಟ್ಟಾಯದಲ್ಲಿ ವಿಶ್ವ ಚಾಂಪಿಯನ್ ಆದದ್ದು, ಹಿಂದಿನ ಅಕ್ಟೋಬರಿನಲ್ಲಿ ಹ್ಯಾಂಗ್‌ಝೌ ಏಷ್ಯನ್ ಪ್ಯಾರಾ ಕ್ರೀಡಾಕೂಟದ ಫೈನಲ್ಲಿನಲ್ಲಿ ಮೊದಲ ಗೇಮ್ ಸೋತೂ ಚಿನ್ನ ಗೆದ್ದದ್ದು, ಇವನ್ನೆಲ್ಲ ತಕ್ಕಡಿಯ ಇನ್ನೊಂದು ತಟ್ಟೆಗೆ ಹಾಕಿಯೇ ಹೇಳುತ್ತಿದ್ದೇನೆ.

ಬೆಳ್ಳಿ ಎಂದರೆ ಮೂಗು ಮುರಿಯುವವರಿಗೆ ಒಂದು ಮಾತು. ಒಲಿಂಪಿಕ್ ದಾಖಲೆಯಲ್ಲಿ ಭಾರತದ ಹೆಸರಿನ ಮೊದಲ ಪದಕಗಳೇ ಬೆಳ್ಳಿ. 1900ರ ಪ್ಯಾರಿಸ್, ನಾರ್ಮನ್ ಪ್ರಿಚರ್ಡ್, ಎರಡು. ಕನ್ನಡ ನೆಲದ ಕಥೆಗೆ ಆರಂಭದಲ್ಲಿ ಪದಕವೂ ಇಲ್ಲ. ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ 1920ರಲ್ಲಿ ಆಂಟ್ವರ್ಪ್‌ನ ಮ್ಯಾರಥಾನ್ ಓಡಿ 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ 19ನೆಯವರಾಗಿ ಬಂದರು. ಆ ದೂರದಲ್ಲಿ ಆ ಕಾಲದಲ್ಲಿ 19ನೆಯ ಸ್ಥಾನ ನನಗೆ ಎಷ್ಟೋ ಪದಕಗಳಿಗಿಂತ ಮೇಲು.

ಪ್ಯಾರಾಲಿಂಪಿಕ್ಸಿನಲ್ಲಿ ದೇಶದ ಲೆಕ್ಕವನ್ನೂ ಬೇಗ ಹೇಳಿಬಿಡುತ್ತೇನೆ, ಹುಡುಗ ಪರೀಕ್ಷೆಗೆ ಓದುತ್ತಿದ್ದಾನಲ್ಲ. ಮೊದಲ ಸಲ ಹೋದದ್ದು 1968, ಟೆಲ್ ಅವೀವ್. ಮೊದಲ ಪದಕ 1972ರ ಹೈಡೆಲ್‌ಬರ್ಗ್: 1965ರ ಯುದ್ಧದಲ್ಲಿ ಗುಂಡು ತಿಂದ ಸೈನಿಕ ಮುರಳೀಕಾಂತ ಪೇಟ್ಕರ್ ಈಜಿನಲ್ಲಿ ಗೆದ್ದ ಚಿನ್ನ. 1984ರಲ್ಲಿ ನಾಲ್ಕು. ಆಮೇಲೆ ಇಪ್ಪತ್ತು ವರ್ಷ ಬರ. ನಮ್ಮ ಬೆಂಗಳೂರಿನ ಮಾಲತಿ ಹೊಳ್ಳ ಗಾಲಿಕುರ್ಚಿಯಲ್ಲಿ ದೇಶಕ್ಕಾಗಿ ಸ್ಪರ್ಧಿಸಿದ್ದು ಈ ಬರಗಾಲದಲ್ಲಿ. 2004ರಲ್ಲಿ ಎರಡು, 2008ರಲ್ಲಿ ಸೊನ್ನೆ, 2012ರಲ್ಲಿ ಗಿರೀಶರ ಒಂದು. ಅಲ್ಲಿಂದ ಮುಂದೆ ಕಾಲುವೆಗೆ ನೀರು ಬಿಟ್ಟಂತೆ: ರಿಯೊದಲ್ಲಿ 4, ಟೋಕಿಯೊದಲ್ಲಿ 19, ಪ್ಯಾರಿಸ್ಸಿನಲ್ಲಿ 29. ಒಟ್ಟು 60.

ರಿಯೊದ ನಾಲ್ಕರಲ್ಲಿ ಎರಡು ಬಂದದ್ದು ಗಿರೀಶರ ಸ್ಪರ್ಧೆಯಲ್ಲೇ. ಬೆಂಗಳೂರಿನಲ್ಲಿ ಸತ್ಯನಾರಾಯಣ ಅವರ ಬಳಿ ತರಬೇತಿ ಪಡೆದ ತಮಿಳುನಾಡಿನ ಮಾರಿಯಪ್ಪನ್ ತಂಗವೇಲು 1.89 ಮೀಟರ್ ಹಾರಿ ಚಿನ್ನ ತಂದರು, ವರುಣ್ ಭಾಟಿ ಕಂಚು. ಟೋಕಿಯೊದಲ್ಲೂ ಪ್ಯಾರಿಸ್ಸಿನಲ್ಲೂ ಬೆಳ್ಳಿ, ಕಂಚು ಎರಡೂ ಇದೇ ಗಳದ ಮೇಲಿಂದ ಬಂದವು. 2012ರಿಂದ ಇಲ್ಲಿಯವರೆಗೆ ಈ ಗಳ ಭಾರತವನ್ನು ಒಮ್ಮೆಯೂ ಬರಿಗೈಯಲ್ಲಿ ಕಳಿಸಿಲ್ಲ. ಬಾಗಿಲು ತೆರೆದದ್ದು ಹಾಸನದ ಕತ್ತರಿ.

ಗುರುವಾರ ಡೇರಿಯಲ್ಲಿ ಯಜಮಾನರು ಮತ್ತೆ ಸಿಕ್ಕರು. ಮೊಬೈಲಿನಲ್ಲಿ ಲಂಡನ್ನಿನ ಜಿಗಿತ ಹಾಕಿ ಅವರ ಕೈಗೆ ಕೊಟ್ಟೆ. ಕ್ಯಾನನ್ನು ಕಾಲ ಸಂದಿಯಲ್ಲಿ ಇಟ್ಟುಕೊಂಡು ಎರಡು ಸಲ ನೋಡಿದರು. ಮೂರನೇ ಸಲ ಅವರೇ ಬೆರಳಿಂದ ಹಿಂದಕ್ಕೆ ಎಳೆದರು.

"ಇದು ಸ್ಕೂಲಲ್ಲಿ ನಾವು ಹಾರ್ತಿದ್ವಲ್ಲ, ಅದೇಯ!"

"ಅದೇ."

"ಮತ್ತೆ ಆ ಫಿಜಿಯೋನು ಒಂದೇ ಕಾಲಲ್ಲಿ ಹೊಡ್ಕೊಂಡೋದ್ನಾ?"

"ಹೊಡ್ಕೊಂಡೋದ. ಆಮೇಲೆ ಅವರ ದೇಶದಲ್ಲಿ ಎಲೆಕ್ಷನ್ ಗೆದ್ದು ಸಹಾಯಕ ಮಂತ್ರಿನೂ ಆದ, ಕ್ರೀಡೆಗೆ."

ಯಜಮಾನರು ಮೊಬೈಲು ವಾಪಸು ಕೊಟ್ಟು ಕ್ಯಾನು ಎತ್ತಿಕೊಂಡರು. "ಆಗ್ಲಿ ಬಿಡು. ನಮ್ ಇನ್ನೊಬ್ಬ ಡೀಸಿ ಆಗಿದ್ನಲ್ಲ. ಸರಿಸಮ."