ಕೈಹಿಡಿಯುವವರು ಯಾರು? – ಹಳತು ಹೊಸತು ಎರಡು ಜೋಡಿ ಚಿತ್ರಗಳು

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಚಲನಚಿತ್ರಕ್ಕೇನು ಸ್ಥಾನವೆಂದು ಹಿರಿಯರಲ್ಲಿ ಕೆಲವರು ಕೇಳಿಯಾರು. ಗಡಿನಾಡಿನ ಅನೇಕ ಮನೆಗಳಿಗೆ ಇಂದು ಕನ್ನಡವು ಪುಸ್ತಕಕ್ಕಿಂತ ಹೆಚ್ಚಾಗಿ ಚಿತ್ರ ಮತ್ತು ಹಾಡುಗಳ ಮೂಲಕ ಪ್ರವೇಶಿಸುತ್ತಿದೆ. ಆದುದರಿಂದ ಚಿತ್ರಗಳನ್ನೂ ಕೃತಿಗಳೆಂದೇ ಬಗೆದು ವಿಮರ್ಶಿಸುವುದು ಅವಶ್ಯವೆಂದು ನಮ್ಮ ಭಾವನೆ. ಸಮಾನ ವಸ್ತುವುಳ್ಳ ಹಳೆಯ ಹಾಗೂ ಹೊಸ ಚಿತ್ರಗಳನ್ನು ಜೊತೆಯಲ್ಲಿರಿಸಿದರೆ ಕಾಲವು ಎಲ್ಲಿ ಬದಲಾಗಿದೆಯೆಂಬುದು ತಿಳಿಯುತ್ತದೆ. ಇಲ್ಲಿ ಎರಡು ಜೋಡಿಗಳನ್ನು ಆಯ್ದುಕೊಂಡಿದ್ದೇವೆ. ಒಂದು ಶಾಲೆಗೆ ಸಂಬಂಧಿಸಿದ್ದು, ಇನ್ನೊಂದು ಭೂಮಿಗೆ. ಎರಡಕ್ಕೂ ನಾವು ಕೇಳುವ ಪ್ರಶ್ನೆ ಒಂದೇ: ಕಷ್ಟದಲ್ಲಿರುವವರ ಕೈಹಿಡಿಯುವವರು ಯಾರು?

ಬಿ. ಆರ್. ಪಂತುಲು ಅವರು ನಿರ್ದೇಶಿಸಿ, ಮುಖ್ಯಪಾತ್ರವನ್ನೂ ವಹಿಸಿದ ‘ಸ್ಕೂಲ್ ಮಾಸ್ಟರ್’ 1958ರಲ್ಲಿ ತೆರೆಕಂಡಿತು. ರಂಗಣ್ಣ ಮೇಷ್ಟ್ರು ಊರಿನ ಪ್ರಬಲರಿಗೆ ಬಗ್ಗದ ಪ್ರಾಮಾಣಿಕರು. ನಿವೃತ್ತಿಯ ಬಳಿಕ ಮಕ್ಕಳು ತಂದೆಯನ್ನೊಂದು ಮನೆಗೆ, ತಾಯಿಯನ್ನೊಂದು ಮನೆಗೆ ಹಂಚಿಕೊಳ್ಳುತ್ತಾರೆ. ಮುಪ್ಪಿನ ಆ ಅಗಲಿಕೆಯನ್ನು ಪಂತುಲು ಮತ್ತು ಎಂ. ವಿ. ರಾಜಮ್ಮನವರು ಅತಿರೇಕವಿಲ್ಲದೆ ಅಭಿನಯಿಸಿದ್ದಾರೆ. ಸಾಲದಿಂದಾಗಿ ಕೈತಪ್ಪಿದ ಮನೆಯನ್ನು ಮರಳಿ ಗುರುವಿಗೆ ಒಪ್ಪಿಸುವವನು ಪೋಲೀಸ್ ಅಧಿಕಾರಿಯಾದ ಹಳೆಯ ಶಿಷ್ಯ. ಆ ಪಾತ್ರ ಶಿವಾಜಿ ಗಣೇಶನ್ ಅವರದು. 1964ರಲ್ಲಿ ಇದೇ ಕಥೆಯನ್ನು ಪುಟ್ಟಣ್ಣ ಕಣಗಾಲ್ ಅವರು ಮಲಯಾಳದಲ್ಲಿ ನಿರ್ದೇಶಿಸಿದರು. ಕನ್ನಡದ ಮೇಷ್ಟ್ರು ಮಲಯಾಳದ ‘ಮಾಷ್’ ಆಗಿಯೂ ಜನರಿಗೆ ಹತ್ತಿರವಾದರೆಂಬುದನ್ನು ಎರಡು ಭಾಷೆಗಳ ನಡುವೆ ಬಾಳುವ ನಾವು ನೆನೆಯಬೇಕು.

ಈ ಚಿತ್ರವನ್ನು ಇಂದು ನೋಡುವಾಗ ಒಂದಂಶ ಎದ್ದು ಕಾಣುತ್ತದೆ. ಇಲ್ಲಿ ಮೇಷ್ಟ್ರಿಗೆ ಕಷ್ಟವುಂಟು, ಶಾಲೆಗಿಲ್ಲ. ಶಾಲೆಯೇ ಇಲ್ಲವಾದೀತೆಂಬ ಭಯ ಆ ಕಾಲದ ಯಾರ ಮನಸ್ಸಿಗೂ ಬಂದಿರಲಿಲ್ಲ.

ಅರುವತ್ತು ವರ್ಷಗಳ ಅನಂತರ, 2018ರಲ್ಲಿ, ರಿಷಬ್ ಶೆಟ್ಟಿಯವರ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’ ಬಂದಿತು. ಇಲ್ಲಿ ಕಷ್ಟವು ಶಾಲೆಯ ಬುಡಕ್ಕೇ ಬಂದಿದೆ. ಕನ್ನಡ ಮಾಧ್ಯಮದ ಮಕ್ಕಳ ಮುಂದೆ ಕನ್ನಡ ಬಾರದ ಅಧ್ಯಾಪಕರು ನಿಲ್ಲುತ್ತಾರೆ. ಶಾಲೆಯನ್ನು ಮುಚ್ಚಿಸಲು ಅಧಿಕಾರಿಯೊಬ್ಬರು ಹವಣಿಸುತ್ತಾರೆ. ಮಕ್ಕಳೇ ಹೊರಟು ಮೈಸೂರಿನಿಂದ ಅನಂತಪದ್ಮನಾಭರನ್ನು ಕರೆತರುತ್ತಾರೆ. ಅನಂತನಾಗ್ ಅವರ ವಾದದಿಂದ ನ್ಯಾಯಾಲಯದಲ್ಲಿ ಜಯ ದೊರಕುತ್ತದೆ. ಅತ್ಯುತ್ತಮ ಮಕ್ಕಳ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಇದಕ್ಕೆ ಸಂದಿತು.

ಚಿತ್ರೀಕರಣ ನಡೆದುದು ದಕ್ಷಿಣ ಕನ್ನಡದ ಕೈರಂಗಳದ ಶಾಲೆಯಲ್ಲಾದರೂ ನಮ್ಮ ಮಕ್ಕಳ ನುಡಿ, ತುಂಟತನ, ಬೇಜಾರು ಎಲ್ಲವೂ ಇಲ್ಲಿ ಸಹಜವಾಗಿವೆ. ತರಗತಿಯಲ್ಲಿ ‘ಮಮ್ಮೂಟ್ಟಿ’ ಎಂಬ ಹುಡುಗನೂ ಇರುವುದು ನಮಗೆ ವಿಶೇಷವಾಗಿ ಮೆಚ್ಚಿಕೆಯಾಯಿತು. ಮಾಪಿಳ್ಳೆ ಹಾಡುಗಳಿಗೆ ಹೆಸರಾದ ಮೊಗ್ರಾಲಿನಂತಹ ಊರಿನಲ್ಲಿ ಮನೆಮಾತು ಮಲಯಾಳವೋ ತುಳುವೋ ಕೊಂಕಣಿಯೋ ಆಗಿದ್ದ ಮಕ್ಕಳೂ ಒಂದೇ ಬೆಂಚಿನಲ್ಲಿ ಕುಳಿತು ಕನ್ನಡ ಅಕ್ಷರ ತಿದ್ದಿದವರು. ಕನ್ನಡ ಶಾಲೆ ಯಾವೊಂದು ಜಾತಿಮತದ ಸೊತ್ತೂ ಆಗಿರಲಿಲ್ಲವೆಂಬ ಸತ್ಯವನ್ನು ಚಿತ್ರ ಭಾಷಣವಿಲ್ಲದೆ ಹೇಳಿದೆ.

ಭಾಷಣ ಬರುವುದು ಕೊನೆಯಲ್ಲಿ. ಅಲ್ಲಿಯೇ ನಮ್ಮ ಆಕ್ಷೇಪವೂ ಇದೆ. ನ್ಯಾಯಾಲಯದ ದೃಶ್ಯ ಕಿವಿಗೆ ಇಂಪು, ಚಪ್ಪಾಳೆ ತಟ್ಟಿಸುತ್ತದೆ. ಆದರೆ ಒಬ್ಬ ದುಷ್ಟ ಅಧಿಕಾರಿ ಸೋತರೆ ಶಾಲೆ ಉಳಿಯಿತೆಂಬ ನಂಬಿಕೆಯೊಡನೆ ಪ್ರೇಕ್ಷಕನು ಮನೆಗೆ ಹೋಗುತ್ತಾನೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಕರ್ಯ ಒದಗಿಸಬೇಕೆನ್ನುವ 350-ಎ ವಿಧಿಯು ಸಂವಿಧಾನಕ್ಕೆ ಸೇರಿದುದು 1956ರಲ್ಲಿ, ಕಾಸರಗೋಡು ಕೇರಳಕ್ಕೆ ಸೇರಿದ ಅದೇ ವರ್ಷದಲ್ಲಿ. ಹಕ್ಕು ನಮಗೆ ಅಂದಿನಿಂದ ಇದೆ. ಅದನ್ನು ಕೇಳಿ ಪಡೆಯುವ ಹೋರಾಟ ಅವಶ್ಯ. ಆದರೆ ಹಕ್ಕಿನ ಆದೇಶ ಕೈಯಲ್ಲಿದ್ದು ತರಗತಿಯಲ್ಲಿ ಮಕ್ಕಳಿಲ್ಲದಿದ್ದರೆ ಯಾವ ನ್ಯಾಯಾಲಯವೂ ಶಾಲೆಯನ್ನು ನಡೆಸಲಾರದು.

ಎರಡನೆಯ ಜೋಡಿಯಲ್ಲೂ ಇದೇ ಪ್ರಶ್ನೆ ಏಳುತ್ತದೆ. ಶಿವರಾಮ ಕಾರಂತರ 1933ರ ಕಾದಂಬರಿಯನ್ನು ಆಧರಿಸಿ ಬಿ. ವಿ. ಕಾರಂತರು ನಿರ್ದೇಶಿಸಿದ ‘ಚೋಮನ ದುಡಿ’ 1975ರ ಚಿತ್ರ. ಕರ್ನಾಟಕದಲ್ಲಿ 1974ರ ಭೂಸುಧಾರಣೆಯ ಕಾನೂನು ಬಂದ ಹೊತ್ತಿನಲ್ಲಿಯೇ ಈ ಚಿತ್ರವೂ ಬಂದುದು ಗಮನಾರ್ಹ. ಚೋಮನಲ್ಲಿ ಜೋಡಿ ಎತ್ತುಗಳಿವೆ, ಉಳಲು ಹೊಲವಿಲ್ಲ. ಮತಾಂತರವಾದರೆ ಭೂಮಿ ದೊರಕೀತೆಂಬ ಆಸೆಯಿದ್ದರೂ ತಾನು ನಂಬಿದ್ದನ್ನು ಬಿಡಲಾರ. ಕೆರಳಿದಾಗಲೂ ಕುಗ್ಗಿದಾಗಲೂ ಅವನಿಗಿರುವ ಮಾತು ದುಡಿಯೊಂದೇ. ಕೊನೆಗೆ ಬಾಗಿಲು ಮುಚ್ಚಿಕೊಂಡು ದುಡಿ ಬಾರಿಸುತ್ತಲೇ ಸಾಯುತ್ತಾನೆ. ಅವನ ಕೈಹಿಡಿಯುವವರು ಯಾರೂ ಇಲ್ಲ.

ರಿಷಬ್ ಶೆಟ್ಟಿಯವರದೇ ಆದ ‘ಕಾಂತಾರ’ (2022) ಕೂಡ ತುಳುನಾಡಿನ ದೈವ ಮತ್ತು ಭೂಮಿಯ ಕಥೆ. ಇಲ್ಲಿ ದೈವವೇ ಮೈಮೇಲೆ ಬಂದು ಕಪಟಿಯಾದ ಧನಿಯನ್ನು ಸಂಹರಿಸುತ್ತದೆ. ಅರಣ್ಯಾಧಿಕಾರಿಯ ಕೈಯನ್ನೂ ಊರವರ ಕೈಯನ್ನೂ ಹಿಡಿದು ಒಂದುಗೂಡಿಸುತ್ತದೆ. ಕೋಲ ನೋಡಿ ಬೆಳೆದ ನಮ್ಮವರಿಗೆ ಆ ಕೊನೆಯ ಭಾಗ ರೋಮಾಂಚನ ತಂದುದು ಸಹಜ. ‘ಚೋಮನ ದುಡಿ’ಯ ಎಂ. ವಿ. ವಾಸುದೇವ ರಾವ್ ಅವರಿಗೂ ‘ಕಾಂತಾರ’ದ ರಿಷಬ್ ಅವರಿಗೂ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಬಂದಿದೆ, ಎರಡೂ ಯೋಗ್ಯವೇ. ಆದರೆ ಪರಿಣಾಮ ಬೇರೆ. ‘ಕಾಂತಾರ’ ಮುಗಿದಾಗ ಅನ್ಯಾಯವೂ ಮುಗಿದಂತೆ ತೋರುತ್ತದೆ. ‘ಚೋಮನ ದುಡಿ’ ಮುಗಿದಾಗ ಅದು ನಮ್ಮ ತಲೆಯ ಮೇಲೆ ಉಳಿಯುತ್ತದೆ. ಆ ದುಡಿಗೆ ಉತ್ತರ ಕೊಡಬೇಕಾದವನು ನೋಡುಗನೇ.

ಹಳೆಯದೆಲ್ಲ ಚಿನ್ನವೆಂದು ನಾವು ಸಾಧಿಸಹೊರಟಿಲ್ಲ. ‘ಸ್ಕೂಲ್ ಮಾಸ್ಟರ್’ ಕೂಡ ಒಬ್ಬ ಸತ್‌ಶಿಷ್ಯನನ್ನು ತಂದು ಕಣ್ಣೀರೊರೆಸುವ ಚಿತ್ರವೇ. ಊರನ್ನೂ ಊರಿನ ಮಾತನ್ನೂ ಚಿತ್ರಿಸುವುದರಲ್ಲಿ ಹೊಸಬರು ಅದಕ್ಕಿಂತ ಮುಂದೆ ಸಾಗಿದ್ದಾರೆ. ಶಿಷ್ಯ, ವಾದಿ, ದೈವ ಇವರಲ್ಲಿ ಯಾರಾದರೊಬ್ಬರು ಬಂದೇ ಬರುವರೆಂಬ ಭರವಸೆಯನ್ನು ಈ ಮೂರು ಚಿತ್ರಗಳು ಕೊಡುತ್ತವೆ. ಬಾರದಿದ್ದರೆ ಏನೆಂದು ಕೇಳಿದುದು ‘ಚೋಮನ ದುಡಿ’ ಮಾತ್ರ.

ಆ ಪ್ರಶ್ನೆಯನ್ನು ನಾವು ಶಾಲೆಗೆ ಅನ್ವಯಿಸಬೇಕಾಗಿದೆ. ಮುಖ್ಯೋಪಾಧ್ಯಾಯರಾಗಿದ್ದವರಿಗೆಲ್ಲ ತಿಳಿದಿರುವಂತೆ, ಕೇರಳದಲ್ಲಿ ಜೂನ್ ತಿಂಗಳಿನಲ್ಲಿ ಶಾಲೆ ತೆರೆದ ಬಳಿಕ ಆರನೆಯ ಕೆಲಸದ ದಿನದಂದು ಮಕ್ಕಳ ಎಣಿಕೆ ನಡೆಯುತ್ತದೆ. ಅಧ್ಯಾಪಕರ ಹುದ್ದೆಗಳು ನಿಲ್ಲುವುದೂ ಹೋಗುವುದೂ ಆ ಎಣಿಕೆಯ ಮೇಲೆ. ರಾಮಣ್ಣ ರೈಯವರ ಕೊಡುಗೆಯ ಶಾಲೆಯನ್ನು ನೋಡಿ ಚಪ್ಪಾಳೆ ತಟ್ಟಿದ ಮನೆಗಳಿಂದಲೇ ಎಷ್ಟು ಮಕ್ಕಳು ಆಂಗ್ಲ ಮಾಧ್ಯಮದ ಶಾಲೆಯ ವಾಹನ ಹತ್ತುತ್ತಿದ್ದಾರೆಂಬುದನ್ನು ಸಂಘದ ಸದಸ್ಯರೆಲ್ಲರೂ ಬಲ್ಲರು. ಇಂಗ್ಲಿಷ್ ಕಲಿಯುವುದು ಬೇಡವೆಂದು ಯಾರೂ ಹೇಳುವುದಿಲ್ಲ. ಕನ್ನಡ ಶಾಲೆಯಲ್ಲಿದ್ದುಕೊಂಡೇ ಅದನ್ನು ಚೆನ್ನಾಗಿ ಕಲಿತವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಸಮ್ಮೇಳನದ ನಿರ್ಣಯಗಳು ಸರಕಾರಕ್ಕೆ ತಲಪಲಿ. ಅವುಗಳ ಜೊತೆಗೆ ಪ್ರತಿಯೊಂದು ಕುಟುಂಬದಿಂದ ಒಂದು ಮಗುವಿನ ಹೆಸರಾದರೂ ಒಂದನೆಯ ತರಗತಿಯ ಹಾಜರಿ ಪುಸ್ತಕಕ್ಕೆ ಸೇರಲಿ. ಆರನೆಯ ದಿನ ಎಣಿಸುವವರು ಬಂದಾಗ ಬೆಂಚು ತುಂಬಿರಲಿ.